ಹೆದ್ದಾರಿ ಮೇಲೆ ಶಿವಪುರದ ನೆನಪಿಗೆ ಚೌಕ: ಆಗುತ್ತಾ ಮೇಡಂ?

ಪ್ರಶ್ನೆ (ನಿವೃತ್ತ ಮೇಷ್ಟ್ರು, ಮದ್ದೂರು ತಾಲ್ಲೂಕು):
ನಮಸ್ಕಾರ ಮೇಡಂ. ನಮ್ಮೂರ ದಿಣ್ಣೆ ಕಡಿದು ರಸ್ತೆ ಅಗಲ ಮಾಡಿದ ಮೇಲೆ ಊರು ಎರಡು ಹೋಳಾಗಿದೆ. ಗಾಡಿಗಳು ಕೆಳಗೆ ತಗ್ಗಿನಲ್ಲಿ ಓಡುತ್ತವೆ. ಶಾಲೆ ಈ ಕಡೆ, ಮಾರಮ್ಮನ ಗುಡಿ ಆ ಕಡೆ. ದಾಟಬೇಕಾದರೆ ದೊಡ್ಡ ಸುತ್ತು. 2038ಕ್ಕೆ ಶಿವಪುರದ ಧ್ವಜ ಸತ್ಯಾಗ್ರಹಕ್ಕೆ ನೂರು ವರ್ಷ. ಆ ನೆನಪಿಗೆ ರಸ್ತೆಯ ಮೇಲೆ ಒಂದು ಚೌಕ ಕಟ್ಟಿ ಊರನ್ನು ಸೇರಿಸಬೇಕು ಅಂತ ನಮ್ಮ ಆಸೆ. ಮಧ್ಯದಲ್ಲಿ ದೊಡ್ಡ ಪ್ರತಿಮೆ, ಧ್ವಜಸ್ತಂಭ, ಸುತ್ತ ಅರಳಿಮರ. ಆಗುತ್ತಾ?

ಉತ್ತರ (ಸ್ಟ್ರಕ್ಚರಲ್ ಎಂಜಿನಿಯರ್, ಮೈಸೂರು):
ನಮಸ್ಕಾರ ಮೇಷ್ಟ್ರೇ. ಆಗುತ್ತೆ. ರಸ್ತೆ ತಗ್ಗಿನಲ್ಲಿ ಇರುವುದೇ ನಿಮ್ಮ ಪುಣ್ಯ. ಕೆಳಗೆ ಲಾರಿ ಹೋಗಲು 5.5 ಮೀಟರ್ ಎತ್ತರ ಬಿಡಬೇಕು. ಅದರ ಮೇಲೆ ತೊಲೆ, ಚಪ್ಪಡಿ ಸೇರಿ ಇನ್ನೂ ಒಂದೂವರೆ ಎರಡು ಮೀಟರ್. ರಸ್ತೆ ನೆಲದ ಮಟ್ಟದಲ್ಲೇ ಇದ್ದಿದ್ದರೆ ಅಜ್ಜಿಯರು ಏಳು ಮೀಟರ್ ಹತ್ತಬೇಕಿತ್ತು. ಗಾಲಿಕುರ್ಚಿ ಹೋಗುವ ಇಳಿಜಾರು ಅಂದರೆ ಒಂದು ಮೀಟರ್ ಏರಲು 12 ಮೀಟರ್ ಉದ್ದ ಬೇಕು. ಲೆಕ್ಕ ಹಾಕಿ, 84 ಮೀಟರ್! ಅಂಥ ಚೌಕಕ್ಕೆ ಯಾರೂ ಬರುವುದಿಲ್ಲ. ಅದಕ್ಕೇ ಮೊದಲು ದಿಣ್ಣೆ ಕಡಿದ ಆಳ ಎಷ್ಟಿದೆ ಅಂತ ಅಳೆಸಿ.

ಈಗ ಭಾರದ ವಿಷಯ. ಜನ ಜಾಸ್ತಿ ಸೇರಿದರೆ ಕುಸಿಯುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಜಾತ್ರೆ ಸೇರುವ ಜಾಗದ ಕಾಲುಸೇತುವೆಗೆ ನಮ್ಮ ದೇಶದ ರಸ್ತೆ, ಸೇತುವೆ ಕಟ್ಟುವ ನಿಯಮಾವಳಿ ಹಿಡಿಯುವುದು ಚದರ ಮೀಟರಿಗೆ 500 ಕಿಲೋ. ಅದೇ ಒಂದು ಮೀಟರ್ ಆಳದ ಒದ್ದೆ ಮಣ್ಣು ಹೆಚ್ಚುಕಡಿಮೆ 2,000 ಕಿಲೋ ತೂಗುತ್ತದೆ. ಜಾತ್ರೆಯ ಜನಕ್ಕಿಂತ ನಾಲ್ಕು ಪಟ್ಟು! ಖರ್ಚು ಏರಿಸುವುದು ಜನ ಅಲ್ಲ, ಮಣ್ಣು. ಹುಲ್ಲಿಗೆ ಮೂವತ್ತು ಸೆಂಟಿಮೀಟರ್ ಮಣ್ಣು ಸಾಕು. ಮರಕ್ಕೆ ಮೀಟರ್‌ಗಿಂತ ಹೆಚ್ಚೇ ಬೇಕು.

ಅಮೆರಿಕದ ಡಲ್ಲಾಸ್‌ನಲ್ಲಿ ಇದಕ್ಕೆ ಒಳ್ಳೆ ಉಪಾಯ ಮಾಡಿದ್ದಾರೆ. ಅಲ್ಲಿನ ಕ್ಲೈಡ್ ವಾರೆನ್ ಪಾರ್ಕ್ 2012ರಲ್ಲಿ ಹೆದ್ದಾರಿಯ ಮೇಲೆ ತೆರೆಯಿತು. ಸುಮಾರು ಐದು ಎಕರೆ. ತೊಲೆಗಳ ಗುಂಪುಗಳ ನಡುವೆ ಕಾಲುವೆಯ ಹಾಗೆ ತಗ್ಗು ಬಿಟ್ಟು, ಮರದ ಬೇರಿಗೆ ಅಲ್ಲಿ ಮಾತ್ರ ಆಳ ಕೊಟ್ಟಿದ್ದಾರೆ. ನೆಲ ಏರಿಸಬೇಕಾದ ಕಡೆ ಮಣ್ಣಿನ ಬದಲು ಹಗುರವಾದ ಥರ್ಮೋಕೋಲ್ ಥರದ ದಿಮ್ಮಿ ತುಂಬಿದ್ದಾರೆ. ನೀವು ಹೊಂಗೆ, ಬೇವು ಈ ರೀತಿ ಬೆಳೆಸಬಹುದು. ಅರಳಿ ಮಾತ್ರ ಚಪ್ಪಡಿ ಮೇಲೆ ಖಂಡಿತ ಬೇಡ. ಅದರ ಬೇರು ಕಾಂಕ್ರೀಟಿನ ಸಣ್ಣ ಬಿರುಕನ್ನೂ ಬಿಡುವುದಿಲ್ಲ. ಅರಳಿಕಟ್ಟೆಗಳು ಎರಡೂ ಬದಿಯ ಗಟ್ಟಿ ನೆಲದಲ್ಲಿರಲಿ, ಶಾಲೆ ಕಡೆ ಒಂದು, ಗುಡಿ ಕಡೆ ಒಂದು. ಧ್ವಜಸ್ತಂಭವನ್ನೂ ಎಲ್ಲೆಂದರಲ್ಲಿ ನಿಲ್ಲಿಸುವಂತಿಲ್ಲ. ಎತ್ತರದ ಕಂಬವನ್ನು ಗಾಳಿ ಬುಡದಲ್ಲೇ ಬಾಗಿಸಲು ನೋಡುತ್ತದೆ. ಚೌಕವನ್ನು ಕೆಳಗಿನಿಂದ ಹೊರುವ ಕಂಬಗಳ ಸಾಲಿನ ನೆತ್ತಿಯ ಮೇಲೇ ಅದು ನಿಲ್ಲಬೇಕು.

ಪ್ರತಿಮೆ ಬಗ್ಗೆ ನನ್ನ ಮನಸ್ಸಿನ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. 1938ರ ಏಪ್ರಿಲ್‌ನಲ್ಲಿ ಶಿವಪುರದಲ್ಲಿ ಆದದ್ದೇನು? ಬಾವುಟ ಹಾರಿಸಬಾರದು ಅಂತ ನಿಷೇಧ ಇದ್ದರೂ ಕಾಂಗ್ರೆಸ್ ಮುಖಂಡ ಟಿ. ಸಿದ್ದಲಿಂಗಯ್ಯನವರು ಅದನ್ನು ಏರಿಸಿ ಜೈಲಿಗೆ ಹೋದರು. ಹಳ್ಳಿಹಳ್ಳಿಯಿಂದ ಬಂದ ಜನ ಬಯಲಲ್ಲಿ ಒಟ್ಟಿಗೆ ನಿಂತರು. ಜನ ನಿಂತದ್ದೇ ಅಲ್ವಾ ಆ ಘಟನೆ? ಹಾಗಾದರೆ ನಡುವಿನ ಜಾಗವನ್ನು ಜನಕ್ಕೆ ಖಾಲಿ ಬಿಡಿ. ಸ್ಮಾರಕ ಸೌಧ ಶಿವಪುರದಲ್ಲಿ ಈಗಾಗಲೇ ಇದೆ. ನಿಮ್ಮಲ್ಲಿ ಬಯಲೇ ಸ್ಮಾರಕವಾಗಲಿ. ನೆಲಕ್ಕೆ ಕಲ್ಲು ಹಾಸಿ ಅದರಲ್ಲೇ ಆ ಕಥೆ ಕೆತ್ತಿಸಿ. ಶಾಲೆ ಮಕ್ಕಳು ದಿನಾ ಓದಿಕೊಂಡು ದಾಟಲಿ.

ಪ್ರಶ್ನೆ (ಆರ್ಕಿಟೆಕ್ಚರ್ ವಿದ್ಯಾರ್ಥಿನಿ, ಮೈಸೂರು):
ಮೇಡಂ, ಗಾಡಿಗಳ ಸದ್ದು ಕೇಳದ ಹಾಗೆ ಸುತ್ತಲೂ ಎತ್ತರದ ಗೋಡೆ, ಒಳಗೆ ಚಿಕ್ಕಚಿಕ್ಕ ಕೋಣೆಯಂಥ ಜಾಗಗಳು ಮಾಡಿದರೆ?

ಉತ್ತರ:
ಸಿಯಾಟಲ್‌ನ ಫ್ರೀವೇ ಪಾರ್ಕ್ ನೋಡಮ್ಮ. 1976ರಲ್ಲಿ ಲಾರೆನ್ಸ್ ಹಾಲ್ಪ್ರಿನ್ ಅವರ ಕಚೇರಿ ಮಾಡಿದ್ದು. ಜಲಪಾತದ ಸದ್ದಿನಲ್ಲಿ ಹೆದ್ದಾರಿ ಸದ್ದನ್ನು ಮುಳುಗಿಸಿದರು. ಅದು ಚೆಂದದ ಕೆಲಸ. ಆದರೆ ಕಾಂಕ್ರೀಟ್ ಗೋಡೆ, ದಟ್ಟ ಗಿಡಗಳ ಮರೆಯಲ್ಲಿ ಮೂಲೆಗಳು ಜಾಸ್ತಿಯಾದವು. ಮುಂದೆ ಜನ ಅಲ್ಲಿ ಓಡಾಡಲು ಹೆದರುವಂತಾಯಿತು. ಹಳ್ಳಿಯಲ್ಲಿ ಸಂಜೆ ಟ್ಯೂಷನ್ ಮುಗಿಸಿ ಬರುವ ಹೆಣ್ಣುಮಕ್ಕಳನ್ನು ನೆನೆಸಿಕೋ. ಈ ತುದಿಯಲ್ಲಿ ನಿಂತರೆ ಆ ತುದಿ ಕಾಣಬೇಕು. ರಸ್ತೆಯ ಅಂಚಿಗೆ ಮಾತ್ರ ಗಟ್ಟಿ ತಡೆಗೋಡೆ, ಅದರ ಮೇಲೆ ಜಾಲರಿ ಇರಲಿ. ಮೇಲಿಂದ ಒಂದು ಕಲ್ಲು ಬಿದ್ದರೂ ಕೆಳಗೆ ಪ್ರಾಣ ಹೋಗುತ್ತದೆ.

ಪ್ರಶ್ನೆ (ಮೇಷ್ಟ್ರು):
ಅರ್ಥವಾಯಿತು ಮೇಡಂ. ಪ್ರತಿಮೆ ವಿಷಯ ಊರಲ್ಲಿ ಮಾತಾಡುತ್ತೇನೆ. ಚೌಕ ಎಷ್ಟು ಅಗಲ ಇರಬೇಕು? ಮೊದಲು ಯಾರನ್ನು ಕಾಣಬೇಕು?

ಉತ್ತರ:
ರಸ್ತೆಯುದ್ದಕ್ಕೆ 30ರಿಂದ 40 ಮೀಟರ್ ಮುಚ್ಚಿದರೆ ನಿಮ್ಮ ಊರಿಗೆ ಸಾಕು. ತುಂಬಾ ಉದ್ದ ಮುಚ್ಚಿದರೆ ಕೆಳಗಿನ ರಸ್ತೆ ಸುರಂಗವಾಗಿಬಿಡುತ್ತದೆ. ಆಮೇಲೆ ಹೊಗೆ ಎಳೆಯುವ ಫ್ಯಾನು, ಬೆಂಕಿ ಆರಿಸುವ ವ್ಯವಸ್ಥೆ, ಹಗಲೂ ದೀಪ, ಎಲ್ಲಾ ಬೇಕು. ಚೌಕದ ನೀರು ಕೆಳಗಿನ ರಸ್ತೆಗೆ ಇಳಿಯಬಾರದು. 2022ರ ಆಗಸ್ಟ್ ಮಳೆಗೆ ರಾಮನಗರದ ಹತ್ತಿರ ಹೆದ್ದಾರಿಯಲ್ಲಿ ನೀರು ನಿಂತು ಪಟ್ಟ ಪಾಡು ನಿಮಗೆ ನೆನಪಿರಬೇಕು. ನೆಲಕ್ಕೆ ಎರಡೂ ಬದಿಗೆ ವಾಟ ಕೊಟ್ಟು, ಆ ನೀರನ್ನು ಊರ ಕಟ್ಟೆಗೋ ಕೆರೆಗೋ ಹರಿಸಬಹುದು.

ರಸ್ತೆ ಯಾರದೋ ಅವರ ಒಪ್ಪಿಗೆ ಇಲ್ಲದೆ ಒಂದು ಗುದ್ದಲಿಯೂ ಬೀಳಬಾರದು. ಮೊದಲು ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ. ರಾಷ್ಟ್ರೀಯ ಹೆದ್ದಾರಿಯಾದರೆ ಅದರ ಪ್ರಾಧಿಕಾರಕ್ಕೆ, ಜೊತೆಗೆ ಜಿಲ್ಲಾಧಿಕಾರಿಗಳಿಗೆ ಅರ್ಜಿ ಕೊಡಿ. ದಿನಾ ಎಷ್ಟು ಮಕ್ಕಳು, ಎಷ್ಟು ದನಕರು ದಾಟುತ್ತವೆ ಅಂತ ಒಂದು ವಾರ ಎಣಿಸಿ ಅರ್ಜಿಗೆ ಲಗತ್ತಿಸಿ. ಕಡಿತದ ಆಳ ಅಳೆಸಿದ ಮೇಲೆ ಇಲ್ಲೇ ಹಾಕಿ ಮೇಷ್ಟ್ರೇ, ತೊಲೆ ಎಷ್ಟು ದಪ್ಪ ಬೇಕು ಅಂತ ಲೆಕ್ಕ ಮಾಡಿ ಕೊಡುತ್ತೇನೆ.