ಎಟಿವಿಗೆ ಪಿಕಪ್ ಬರಬೇಕಾದರೆ ಸಿಡಿಐ, ಕಾಯಿಲ್ ಬದಲಿಸಬೇಕಾ?

ಕೆಸರುಗಾಲಿ:

ನಮಸ್ಕಾರ ಎಲ್ಲರಿಗೂ. ನನ್ನದು 250 ಸಿಸಿ ಎಟಿವಿ, ನಾಲ್ಕು ಚಕ್ರದ ಆಫ್‌ರೋಡ್ ಬೈಕು. ಏರ್ ಕೂಲ್ಡ್, ಕಾರ್ಬೊರೇಟರ್, ಐದು ಗೇರು, ಚೈನ್. ಗಾಡಿ ಚೆನ್ನಾಗಿದೆ, ಆದರೆ ಕೆಳಗಿನ ಆರ್‌ಪಿಎಂನಲ್ಲಿ ದಮ್ಮೇ ಇಲ್ಲ. ಏರಿನಲ್ಲಿ ಎರಡನೇ ಗೇರಿಗೆ ಹಾಕಿ ಥ್ರಾಟಲ್ ತಿರುಗಿಸಿದರೆ, ಮಧ್ಯಾಹ್ನದ ನಿದ್ದೆಯಿಂದ ಎಬ್ಬಿಸಿದವರ ಹಾಗೆ ಒಂದು ಸಲ "ಹೂಂ" ಅಂದು ಸುಮ್ಮನಾಗುತ್ತದೆ. 4,500 ದಾಟಿದ ಮೇಲೆ ಪರವಾಗಿಲ್ಲ, ಎಳೆಯುತ್ತದೆ.

ಇಲ್ಲಿವರೆಗೆ ಮಾಡಿದ್ದು: ಇರಿಡಿಯಂ ಪ್ಲಗ್ ಹಾಕಿದೆ. ಆಮೇಲೆ ರೆವ್ ಲಿಮಿಟ್ ಇಲ್ಲದ ರೇಸಿಂಗ್ ಸಿಡಿಐ (ಕಿಡಿ ಯಾವಾಗ ಹಾರಬೇಕು ಅಂತ ನಡೆಸುವ ಡಬ್ಬಿ) ಹಾಕಿದೆ. ಮೊದಲ ದಿನ "ಆಹಾ, ಬದಲಾಯ್ತು" ಅನ್ನಿಸಿತು. ಎರಡನೇ ದಿನ ಅದೇ ಏರು, ಅದೇ "ಹೂಂ". ದುಡ್ಡು ಕೊಟ್ಟ ಮೇಲೆ ಮನಸ್ಸಿಗೆ ಹಾಗನ್ನಿಸುತ್ತೆ, ಅಷ್ಟೇ.

ಈಗ ಎರಡು ಆಸೆ ಇದೆ. ಒಂದು, ಪ್ಲಗ್‌ಗೆ ವೋಲ್ಟೇಜ್ ಕೊಡುವ ಹೈ ಔಟ್‌ಪುಟ್ ಕಾಯಿಲ್. ಇನ್ನೊಂದು, ಮ್ಯಾಗ್ನೆಟನ್ನು (ಕ್ರ್ಯಾಂಕ್ ತುದಿಯ ಫ್ಲೈವೀಲ್) ಕೊಂಚ ತಿರುಗಿಸಿ ಕೂರಿಸಿ 4 ಡಿಗ್ರಿ ಅಡ್ವಾನ್ಸ್ ಕೊಡುವ, ಅಂದರೆ ಕಿಡಿ ಅಷ್ಟು ಮೊದಲೇ ಹಾರಿಸುವ ಆಫ್‌ಸೆಟ್ ಕೀ. ಯಾವುದು ಮೊದಲು? ಪಿಕಪ್ ಕಾಯಿಲ್ ಕೂಡ ಬದಲಿಸಬೇಕಾ?

ಇನ್ನೆರಡು ವಿಷಯ. ಎಂಟು ತಿಂಗಳ ಹಿಂದೆ ಹಿಂದಿನ ಟೈರ್ 20 ಇಂಚಿನದು ತೆಗೆದು 22 ಇಂಚು ಹಾಕಿದ್ದೇನೆ. ಹೋದ ವರ್ಷ ಸ್ಟೇಟರ್ (ಮ್ಯಾಗ್ನೆಟ್ ಒಳಗೆ ಕರೆಂಟ್ ಹುಟ್ಟಿಸುವ ಸುರುಳಿ) ಸುಟ್ಟುಹೋಗಿತ್ತು, ಮ್ಯಾಗ್ನೆಟ್ ತೆಗೆದು ಅದನ್ನು ನಾನೇ ಬದಲಿಸಿದೆ. ಟೈಮಿಂಗ್ ಲೈಟ್ ಹಿಡಿದು ನೋಡಿದ್ದೇನೆ. ಐಡಲ್‌ನಲ್ಲಿ F ಗುರುತು (ಕಿಡಿ ಹಾರಬೇಕಾದ ಜಾಗ) ಸರಿಯಾಗಿ ಕವರಿನ ಕಚ್ಚಿಗೆ ಬರುತ್ತೆ. ಹಾಗಾಗಿ ಟೈಮಿಂಗ್ ಪಕ್ಕಾ ಇದೆ.

ಹಳೇ ಪಾನಾ:

ಮೊದಲು ಒಂದು ನಗು. ಪಿಕಪ್ ಕಾಯಿಲ್‌ಗೂ ಗಾಡಿಯ ಪಿಕಪ್‌ಗೂ ಸಂಬಂಧ ಇಲ್ಲ ಸರ್. ಮ್ಯಾಗ್ನೆಟ್ ಮೇಲಿನ ಉಬ್ಬು ಎದುರಿಗೆ ಬಂದಾಗ ಸಿಡಿಐಗೆ "ಈಗ" ಅಂತ ಹೇಳೋದಷ್ಟೇ ಅದರ ಕೆಲಸ. ಕೆಟ್ಟರೆ ಕಿಡಿ ತಪ್ಪುತ್ತೆ. ಹೊಸದು ಹಾಕಿದರೆ ಗಾಡಿ ಜೋರಾಗಲ್ಲ.

ಕಾಯಿಲ್ ಕಥೆಯೂ ಹಾಗೇ. ಪ್ಲಗ್ ಗ್ಯಾಪ್ ದಾಟಲು ಎಷ್ಟು ವೋಲ್ಟೇಜ್ ಬೇಕೋ ಅಷ್ಟಕ್ಕೇ ಕಿಡಿ ಹಾರುತ್ತದೆ. ಡಬ್ಬದ ಮೇಲೆ ದೊಡ್ಡ ಸಂಖ್ಯೆ ಬರೆದಿದ್ದರೆ ಅದು ಕಾಯಿಲ್‌ನ ತಾಕತ್ತು. ನಿಮ್ಮ ಇಂಜಿನ್ ಅಷ್ಟನ್ನು ಕೇಳಲ್ಲ. ಮಿಕ್ಸ್ಚರ್ ಒಂದು ಸಲ ಹತ್ತಿತು ಅಂದರೆ ಹತ್ತಿತು. ದೊಡ್ಡ ಕಿಡಿಯಿಂದ ಪೆಟ್ರೋಲ್ ಜಾಸ್ತಿ ಶಕ್ತಿ ಕೊಡಲ್ಲ.

ಕಿಡಿ ಸಾಲದಿದ್ದರೆ ಲಕ್ಷಣವೇ ಬೇರೆ. ಕಡಿಮೆ ಆರ್‌ಪಿಎಂನಲ್ಲಿ ಫುಲ್ ಥ್ರಾಟಲ್ ಕೊಟ್ಟಾಗ ಗಾಡಿ ಜರ್ಕ್ ಹೊಡೆಯುತ್ತೆ. ನೀವು ಹೇಳ್ತಿರೋದು ಜರ್ಕ್ ಅಲ್ಲ, ಮಂಕು. ರೆವ್ ಲಿಮಿಟ್ ಇಲ್ಲದ ಸಿಡಿಐಯಿಂದ ಕೆಳಗೆ ಏನೂ ಸಿಗಲ್ಲ. ಮೇಲೆ ವಾಲ್ವ್ ಹೊಡೆದುಕೊಳ್ಳುವ ಅವಕಾಶ ಮಾತ್ರ ಸಿಗುತ್ತೆ.

ಆಫ್‌ಸೆಟ್ ಕೀ ಮಾತ್ರ ನಿಜವಾಗಿ ಏನಾದರೂ ಮಾಡೋ ವಸ್ತು. ಬಹಳ ಇಂಜಿನ್‌ಗಳಲ್ಲಿ 3–4 ಡಿಗ್ರಿ ಅಡ್ವಾನ್ಸ್ ಕೊಟ್ಟರೆ ಕೆಳಗೆ ಚುರುಕಾಗುತ್ತೆ. ಆದರೆ ಲೋಡ್‌ನಲ್ಲಿ ಟಕಟಕ ಅಂತ ನಾಕಿಂಗ್ ಬರಬಹುದು, ಸ್ಟಾರ್ಟ್ ಮಾಡುವಾಗ ತಿರುಗಿ ಒದೆಯಬಹುದು. ಹೆಚ್ಚು ಆಕ್ಟೇನ್ ಪೆಟ್ರೋಲ್ ಬೇಕಾದೀತು. ಏರ್ ಕೂಲ್ಡ್‌ನಲ್ಲಿ ಇನ್ನೂ ಹುಷಾರು.

ಒಂದು ಪ್ರಶ್ನೆ: ಕತ್ತಲಲ್ಲಿ ಐದು ನಿಮಿಷ ಐಡಲ್ ಬಿಟ್ಟರೆ ಸೈಲೆನ್ಸರ್ ಬೆಂಡ್ ಪೈಪ್ ಕೆಂಪಾಗುತ್ತಾ?

ಚೈನ್‌ಸೆಟ್:

ಟೈರ್ ವಿಷಯ ಯಾಕೆ ಕೊನೆಯಲ್ಲಿ ಹೇಳಿದ್ರಿ? ಅದೇ ಮೊದಲು ಹೇಳಬೇಕಿತ್ತು. 20ರಿಂದ 22 ಅಂದರೆ ಗೇರಿಂಗ್ 10% ಎತ್ತರ ಆಯ್ತು. ನೆಲಕ್ಕೆ ಸಿಗುವ ಎಳೆತ 9% ಹೋಯ್ತು. ಮುಂದಿನ ಸ್ಪ್ರಾಕೆಟ್ 13 ಹಲ್ಲಿದ್ದರೆ 12 ಹಾಕಿ. 8% ವಾಪಸ್ ಬರುತ್ತೆ. ಅರ್ಧ ಗಂಟೆ ಕೆಲಸ. ಯಾವ ಕಾಯಿಲ್ಲೂ ಇಷ್ಟು ಕೊಡಲ್ಲ.

ಜೊತೆಗೆ ಹಿಂದಿನ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ. ಬ್ರೇಕ್ ಹಿಡಿದುಕೊಂಡಿದ್ದರೂ ಇದೇ ಥರ ಅನ್ನಿಸುತ್ತೆ.

ಕೆಸರುಗಾಲಿ:

ಪೈಪ್ ಕೆಂಪಾಗುತ್ತೆ! ನಾನು ಅದನ್ನ ಪೈಲಟ್ ಜೆಟ್ (ಐಡಲ್‌ನಲ್ಲಿ ಪೆಟ್ರೋಲ್ ಬಿಡುವ ಸಣ್ಣ ತೂತು) ಲೀನ್, ಅಂದರೆ ಪೆಟ್ರೋಲ್ ಸಾಲದು ಅಂದುಕೊಂಡಿದ್ದೆ. ಒಂದು ಸೈಜ್ ದೊಡ್ಡದು ಹಾಕಿದರೂ ಕೆಂಪು ಹೋಗಲಿಲ್ಲ. ಸ್ಪ್ರಾಕೆಟ್ 13 ಹಲ್ಲಿದೆ. ಬ್ರೇಕ್ ಫ್ರೀ ಇದೆ. ಆದರೆ ಟೈರ್ ಹಾಕುವುದಕ್ಕೆ ಮೊದಲೂ ಮಂಕು ಇತ್ತು ಅಂತ ಈಗ ನೆನಪಾಗ್ತಿದೆ.

ಹಳೇ ಪಾನಾ:

ಹಾಗಾದರೆ ನಿಮ್ಮ ಟೈಮಿಂಗ್ ಲೈಟ್ ಸುಳ್ಳು ಹೇಳ್ತಿದೆ. ಪಾಪ, ಅದರ ತಪ್ಪಲ್ಲ. F ಗುರುತು ಇರೋದು ಮ್ಯಾಗ್ನೆಟ್ ಮೇಲೆ. ಕಿಡಿ ಕೊಡಿಸುವ ಉಬ್ಬೂ ಅದೇ ಮ್ಯಾಗ್ನೆಟ್ ಮೇಲೆ. ಮ್ಯಾಗ್ನೆಟ್ ಕ್ರ್ಯಾಂಕ್ ಮೇಲೆ ಜಾರಿದರೆ ಎರಡೂ ಒಟ್ಟಿಗೇ ಜಾರುತ್ತವೆ. ಲೈಟ್‌ಗೆ ಎಲ್ಲಾ ಸರಿಯಾಗೇ ಕಾಣುತ್ತೆ. ಪಿಸ್ಟನ್ ಎಲ್ಲಿದೆ ಅಂತ ಅದಕ್ಕೇನು ಗೊತ್ತು?

ಕಿಡಿ ತಡವಾದರೆ, ಒತ್ತಡ ಏರುವ ಹೊತ್ತಿಗೆ ಪಿಸ್ಟನ್ ಕೆಳಗೆ ಹೊರಟಿರುತ್ತದೆ. ತಳ್ಳಬೇಕಾದ ಬಿಸಿ ಪೈಪಿಗೆ ಹೋಗುತ್ತೆ. ಅದೇ ನಿಮ್ಮ ಕೆಂಪು.

ಹೀಗೆ ನೋಡಿ. ಪ್ಲಗ್ ಬಿಚ್ಚಿ. ಎರಡೂ ಹಿಂದಿನ ಚಕ್ರ ಎತ್ತಿ, ಐದನೇ ಗೇರಿಗೆ ಹಾಕಿ. ಪ್ಲಗ್ ತೂತಿನಲ್ಲಿ ಉದ್ದನೆಯ ಪ್ಲಾಸ್ಟಿಕ್ ಸ್ಟ್ರಾ ಇಡಿ. ಸ್ಕ್ರೂಡ್ರೈವರ್ ಬೇಡ, ಸಿಕ್ಕಿಹಾಕಿಕೊಂಡರೆ ಥ್ರೆಡ್ ಹೋಗುತ್ತೆ. ಚಕ್ರ ಮೆಲ್ಲಗೆ ತಿರುಗಿಸಿ. ತುದಿಯಲ್ಲಿ ಪಿಸ್ಟನ್ ನಿಂತ ಹಾಗೇ ಕಾಣುತ್ತೆ, ಅದನ್ನು ನಂಬಬೇಡಿ. ಸ್ಟ್ರಾ ಮೇಲೆ 10 ಮಿಮೀ ಕೆಳಗೆ ಅನ್ನೋ ಗುರುತು ಹಾಕಿಕೊಳ್ಳಿ. ಪಿಸ್ಟನ್ ಮೇಲೇರುವಾಗ ಆ ಎತ್ತರಕ್ಕೆ ಬಂದಾಗ ಒಂದು ಸಲ, ಇಳಿಯುವಾಗ ಅದೇ ಎತ್ತರದಲ್ಲಿ ಇನ್ನೊಂದು ಸಲ, ಕಿಟಕಿಯಲ್ಲಿ ಕಚ್ಚಿನ ಎದುರು ಮ್ಯಾಗ್ನೆಟ್ ಮೇಲೆ ಮಾರ್ಕರ್ ಗೆರೆ ಎಳೆಯಿರಿ. ಕವರ್ ಬಿಚ್ಚಿ, ಎರಡು ಗೆರೆಗಳ ನಟ್ಟನಡು ಹುಡುಕಿ. ಪಿಸ್ಟನ್ ತುತ್ತತುದಿಯಲ್ಲಿರೋದನ್ನು ತೋರಿಸುವ T ಗುರುತು ಅಲ್ಲೇ ಇರಬೇಕು.

ಕೆಸರುಗಾಲಿ:

ಭಾನುವಾರ ಕೂತು ಮಾಡಿದೆ. ಮೊದಲ ಸಲ ಕೈ ನಡುಗಿ ಸ್ಟ್ರಾ ಒಳಗೇ ಬಿಡ್ತೇನೆ ಅನ್ನಿಸ್ತು. ಎರಡು ಸಲ ಅಳೆದೆ. T ಗುರುತು ನಡುವಿನಿಂದ 8 ಮಿಮೀ ದೂರ! ಮ್ಯಾಗ್ನೆಟ್ ಅಡ್ಡಳತೆ 115 ಮಿಮೀ. ಅಂದರೆ ಸುತ್ತಳತೆ ಸುಮಾರು 361, ಹೆಚ್ಚುಕಡಿಮೆ ಮಿಮೀಗೊಂದು ಡಿಗ್ರಿ. ಎಂಟು ಡಿಗ್ರಿ ರಿಟಾರ್ಡ್, ಕಿಡಿ ಅಷ್ಟು ತಡ. ನಾನು 4 ಡಿಗ್ರಿ ಅಡ್ವಾನ್ಸ್ ಕೊಳ್ಳೋಕೆ ಹೊರಟಿದ್ದೆ.

ಪುಲ್ಲರ್ ಹಾಕಿ ಮ್ಯಾಗ್ನೆಟ್ ತೆಗೆದೆ. ನಟ್ ಅಷ್ಟೇನೂ ಬಿಗಿ ಇರಲಿಲ್ಲ. ಹಾಫ್ ಮೂನ್ ಕೀ ಉಗುರಿನಷ್ಟು ಚಿಕ್ಕದು. ಅದರ ಮೇಲರ್ಧ ಒಂದು ಕಡೆ, ಕೆಳಗಿನರ್ಧ ಇನ್ನೊಂದು ಕಡೆ, ನಡುವೆ ಮೆಟ್ಟಿಲಿನ ಹಾಗೆ ಆಗಿದೆ. ಪೂರ್ತಿ ಕತ್ತರಿಸಿಲ್ಲ. ಕತ್ತರಿಸಿದ್ದರೆ ಗಾಡಿ ಸ್ಟಾರ್ಟೇ ಆಗ್ತಿರಲಿಲ್ಲವೇನೋ, ನಾನೂ ಬೇಗ ಕಂಡುಹಿಡೀತಿದ್ದೆ.

ಸ್ಟೇಟರ್ ಹಾಕಿದ ದಿನ ಟಾರ್ಕ್ ರೆಂಚ್ ಇರಲಿಲ್ಲ. "ಕೈಗೆ ಗೊತ್ತಾಗುತ್ತೆ ಬಿಡು" ಅಂದುಕೊಂಡಿದ್ದೆ. ಗೊತ್ತಾಗಲಿಲ್ಲ.

ಹಳೇ ಪಾನಾ:

ಹೊಸ ಕೀ ಹಾಕುವ ಮುಂಚೆ ಟೇಪರ್ (ಮ್ಯಾಗ್ನೆಟ್ ಕೂರುವ, ತುದಿಗೆ ಸಣ್ಣಗಾಗುವ ಕ್ರ್ಯಾಂಕ್ ಭಾಗ) ನೋಡಿ. ಮ್ಯಾಗ್ನೆಟ್ ಹಿಡಿದಿಡೋದು ಕೀ ಅಲ್ಲ, ಟೇಪರ್. ಕೀ ಜಾಗ ತೋರಿಸುತ್ತೆ, ಅಷ್ಟೇ. ಸಣ್ಣ ಗೀರು ಇದ್ದರೆ ಕೀ ಇಲ್ಲದೆ ವಾಲ್ವ್ ಪೇಸ್ಟ್ ಹಚ್ಚಿ ಕೈಯಲ್ಲಿ ಉಜ್ಜಿ, ಪೇಸ್ಟ್ ಒಂಚೂರೂ ಉಳಿಯದ ಹಾಗೆ ಪೆಟ್ರೋಲಲ್ಲಿ ತೊಳೆಯಿರಿ. ಟೇಪರ್ ಒಣಗಿರಬೇಕು. ಎಣ್ಣೆ, ಗ್ರೀಸ್ ಮುಟ್ಟಿಸಬೇಡಿ. ನಟ್‌ಗೆ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುವ ಟಾರ್ಕ್. ಈ ಸಲ ಸಾಲವಾದರೂ ರೆಂಚ್ ತನ್ನಿ.

ಕೆಸರುಗಾಲಿ:

ರೆಂಚ್ ತಂದೆ. ಮಾಮೂಲಿ ಕೀ, ಹಳೇ ಸಿಡಿಐ, ಮೊದಲಿನ ಪೈಲಟ್ ಜೆಟ್ ವಾಪಸ್. ಅದೇ ಏರು, ಎರಡನೇ ಗೇರು, 2,500ರಿಂದಲೇ ಎಳೆಯಿತು. ಕೊನೇ ತಿರುವಿನಲ್ಲಿ ಮುಂದಿನ ಚಕ್ರ ಹಗುರಾಯ್ತು, ನಾನೇ ಥ್ರಾಟಲ್ ಬಿಟ್ಟೆ. ರಾತ್ರಿ ಐಡಲ್ ಬಿಟ್ಟು ನೋಡಿದೆ, ಪೈಪ್ ಕಪ್ಪಾಗೇ ಇದೆ.

12 ಹಲ್ಲಿನ ಸ್ಪ್ರಾಕೆಟ್ ಕೂಡ ತರಿಸಿದ್ದೇನೆ, ಮುಂದಿನ ವಾರ ಹಾಕ್ತೇನೆ. ಚೈನ್‌ಸೆಟ್ ಅವರೇ, 13ರ ಚೈನ್ ಅದಕ್ಕೇ ನಡೆಯುತ್ತಾ, ಒಂದು ಲಿಂಕ್ ಕತ್ತರಿಸಬೇಕಾ?

ಚೈನ್‌ಸೆಟ್:

ಕತ್ತರಿಸಬೇಡಿ. ಒಂದು ಹಲ್ಲಿನ ವ್ಯತ್ಯಾಸಕ್ಕೆ ಅಡ್ಜಸ್ಟರ್ ಸಾಕು. ರೇಸಿಂಗ್ ಸಿಡಿಐ ಏನು ಮಾಡಿದ್ರಿ?

ಕೆಸರುಗಾಲಿ:

ಡಬ್ಬದಲ್ಲಿದೆ. ಬೇಕಾ?