ಆಸ್ಪತ್ರೆಯಲ್ಲಿರುವ ಹಿರಿಯರಿಗೆ ನುಂಗೋಕೆ ಕಷ್ಟವಾದರೆ: ಈ ವಾರದ ಪ್ರಶ್ನೋತ್ತರ

ನಾನು ಸ್ಪೀಚ್ ಥೆರಪಿಸ್ಟ್. ಮಾತಿನ ಡಾಕ್ಟರಿಗೆ ಊಟದ ಉಸಾಬರಿ ಯಾಕೆ ಅಂತ ಕೆಲವರು ಕೇಳಿದ್ದೀರಿ. ಮಾತಾಡುವುದಕ್ಕೂ ನುಂಗುವುದಕ್ಕೂ ಬೇಕಾಗುವುದು ಅದೇ ತುಟಿ, ಅದೇ ನಾಲಗೆ, ಅದೇ ಗಂಟಲು. ಹಾಗಾಗಿ ಆಸ್ಪತ್ರೆಯಲ್ಲಿ ನುಂಗುವ ಪರೀಕ್ಷೆ ಮಾಡುವುದು ಹೆಚ್ಚಾಗಿ ನಾವೇ. ಇಲ್ಲಿ ಹೇಳಿರುವುದನ್ನು ರೋಗಿಯನ್ನು ಕಣ್ಣಾರೆ ನೋಡುತ್ತಿರುವ ಡಾಕ್ಟರ ಹತ್ತಿರ ಮಾತಾಡಿಯೇ ಮಾಡಿ.

ಪ್ರಶ್ನೆ (ತುಮಕೂರಿನ ಸದಸ್ಯರು): ಅಪ್ಪನಿಗೆ 76 ವರ್ಷ. ಸ್ಟ್ರೋಕ್ ಆಗಿ ಐದು ದಿನ ಆಯಿತು. ರೈಲ್ಸ್ ಟ್ಯೂಬ್ (ಮೂಗಿನಿಂದ ಹೊಟ್ಟೆಗೆ ಇಳಿಸುವ ಊಟದ ನಳಿಕೆ) ಹಾಕಿದ್ದಾರೆ. ಮಂಚದ ತಲೆಗೆ ‘ಬಾಯಿಂದ ಏನೂ ಕೊಡಬೇಡಿ’ ಅಂತ ಚೀಟಿ ಅಂಟಿಸಿದ್ದಾರೆ. ಅಪ್ಪ ಕೈಸನ್ನೆ ಮಾಡಿ ಕಾಫಿ ಕೇಳುತ್ತಾರೆ. ನಿನ್ನೆ ಚಿಕ್ಕಪ್ಪ ಎರಡು ಗುಟುಕು ಕುಡಿಸಿಯೇ ಬಿಟ್ಟರು. ಕೆಮ್ಮೂ ಬರಲಿಲ್ಲ. ಹಾಗಾದರೆ ಸ್ವಲ್ಪ ಸ್ವಲ್ಪ ಕೊಡಬಹುದಾ?

ಉತ್ತರ: ಈಗ ಬೇಡ. ಕೆಮ್ಮು ಬರಲಿಲ್ಲ ಅಂದರೆ ಸರಿಹೋಯಿತು ಅಂತ ಅಲ್ಲ. ನಮಗೆಲ್ಲ ನೀರು ನೆತ್ತಿಗೆ ಹತ್ತಿದರೆ ತಕ್ಷಣ ಕೆಮ್ಮು ಬರುತ್ತದೆ. ಸ್ಟ್ರೋಕ್ ಆದವರಲ್ಲಿ ಗಂಟಲಿನ ಸ್ಪರ್ಶವೇ ಮಂದವಾಗಿರಬಹುದು. ಆಗ ಕಾಫಿ ಶ್ವಾಸನಾಳಕ್ಕೆ ಇಳಿದರೂ ಕೆಮ್ಮು ಹುಟ್ಟುವುದಿಲ್ಲ. ಇದಕ್ಕೆ ನಾವು ಸೈಲೆಂಟ್ ಆಸ್ಪಿರೇಷನ್ ಅನ್ನುತ್ತೇವೆ. ಮೇಲುನೋಟಕ್ಕೆ ಏನೂ ಕಾಣಿಸುವುದಿಲ್ಲ, ಆಮೇಲೆ ಜ್ವರ, ಕಫ, ನ್ಯುಮೋನಿಯಾ. ಚಿಕ್ಕಪ್ಪ ಪ್ರೀತಿಯಿಂದಲೇ ಕೊಟ್ಟಿದ್ದಾರೆ, ಅವರನ್ನು ಬೈಯಬೇಡಿ. ಆದರೆ ಎರಡು ಗುಟುಕು ಹೋಗಿದೆ ಅಂತ ನರ್ಸ್‌ಗೆ ಹೇಳಿಬಿಡಿ. ಎರಡು ಮೂರು ದಿನ ಜ್ವರ, ಉಸಿರಾಟ ಗಮನಿಸುತ್ತಾರೆ.

ಈಗ ನೀವು ಕೇಳಬೇಕಾದ್ದು ಬೇರೆ: “ನುಂಗುವ ಪರೀಕ್ಷೆ ಆಗಿದೆಯಾ? ಮತ್ತೆ ಯಾವಾಗ ಮಾಡುತ್ತೀರಿ?” ಚೀಟಿ ಅಂಟಿಸುವುದು ಮೊದಲ ದಿನಕ್ಕೆ ಸರಿ. ಚೀಟಿ ಅಂಟಿಸಿ ವಾರಗಟ್ಟಲೆ ಯಾರೂ ತಿರುಗಿ ನೋಡದೇ ಇರುವುದು ಕಂಡರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ. ಸ್ಟ್ರೋಕ್ ಆದ ಬಹಳ ಜನರಿಗೆ ಮೊದಲ ಕೆಲವು ವಾರಗಳಲ್ಲೇ ನುಂಗುವ ಶಕ್ತಿ ವಾಪಸ್ ಬರುತ್ತದೆ. ಅದು ಬಂದಿದೆ ಅಂತ ಗೊತ್ತಾಗಬೇಕಾದರೆ ಯಾರಾದರೂ ನೋಡಬೇಕಲ್ಲ. ರೋಗಿ ಎಚ್ಚರವಾಗಿ ಕೂರಬಲ್ಲರು ಅನ್ನುವಾಗ ಮಂಚದ ಹತ್ತಿರವೇ ಪರೀಕ್ಷೆ ಶುರುವಾಗುತ್ತದೆ. 90 ಮಿಲಿ ನೀರನ್ನು ನಿಲ್ಲಿಸದೆ ಕುಡಿಸಿ ನೋಡುವ ಪರೀಕ್ಷೆ ಒಂದಿದೆ. ಅನುಮಾನ ಇದ್ದರೆ ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ, ಅಥವಾ ಎಕ್ಸ್‌ರೇಯಲ್ಲಿ ಎದ್ದು ಕಾಣುವ ಬೇರಿಯಂ ಬೆರೆಸಿದ ಆಹಾರ ಕೊಟ್ಟು ಎಕ್ಸ್‌ರೇ ವಿಡಿಯೋ ತೆಗೆದು ನೋಡುತ್ತಾರೆ. ಸೈಲೆಂಟ್ ಆಸ್ಪಿರೇಷನ್ ಖಚಿತವಾಗಿ ಗೊತ್ತಾಗುವುದು ಈ ಎರಡರಲ್ಲೇ.

ಅಲ್ಲಿಯವರೆಗೆ ನಿಮ್ಮ ಕೈಯಲ್ಲಿ ಒಂದು ದೊಡ್ಡ ಕೆಲಸ ಇದೆ: ಅಪ್ಪನ ಬಾಯಿ ಸ್ವಚ್ಛ ಇಡುವುದು. ಟ್ಯೂಬ್ ಇದೆ, ಊಟವೇ ಮಾಡುತ್ತಿಲ್ಲ, ಹಲ್ಲುಜ್ಜುವುದು ಯಾಕೆ ಅಂದುಕೊಳ್ಳುತ್ತಾರೆ. ಆದರೆ ಎಂಜಲು ಮಾತ್ರ ಹಗಲೂ ರಾತ್ರಿ ಗಂಟಲಿಗೆ ಇಳಿಯುತ್ತಲೇ ಇರುತ್ತದೆ. ಬಾಯಿ ಕೊಳಕಾಗಿದ್ದರೆ ಅದರ ಜೊತೆ ಸೂಕ್ಷ್ಮಾಣುಗಳೂ ಶ್ವಾಸಕೋಶಕ್ಕೆ ಹೋಗುತ್ತವೆ. ಮೆತ್ತನೆ ಬ್ರಷ್, ಸ್ವಲ್ಪವೇ ಪೇಸ್ಟ್, ತಲೆ ಎತ್ತಿದ ಭಂಗಿ, ದಿನಕ್ಕೆ ಎರಡು ಸಲ. ನೀರು ಗಂಟಲಿಗೆ ಹರಿಯದ ಹಾಗೆ ಒದ್ದೆ ಗಾಜ್ ಬಟ್ಟೆಯಿಂದ ಒರೆಸಿ. ನರ್ಸ್ ಒಂದು ಸಲ ತೋರಿಸಿಕೊಟ್ಟರೆ ಸಾಕು.

ಇನ್ನು ಕಾಫಿ. ಥೆರಪಿಸ್ಟ್ ಒಪ್ಪಿದರೆ ಕಾಫಿಯಲ್ಲಿ ಅದ್ದಿ, ಪೂರ್ತಿ ಹಿಂಡಿದ ಸ್ವಾಬ್‌ನಿಂದ ನಾಲಗೆಗೆ ರುಚಿ ತೋರಿಸಬಹುದು. ಕೇಳಿ ನೋಡಿ.

ಪ್ರಶ್ನೆ (ಶಿವಮೊಗ್ಗದ ಸದಸ್ಯೆ): ಅಮ್ಮನಿಗೆ 82. ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದೆ. ಸ್ಟ್ರೋಕ್ ಏನೂ ಇಲ್ಲ. ಆದರೆ ಊಟ ಬಾಯಲ್ಲೇ ಇಟ್ಟುಕೊಂಡು ಕೂರುತ್ತಾರೆ, ನೀರು ಕುಡಿದರೆ ಕೆಮ್ಮುತ್ತಾರೆ. ಎಲ್ಲರೂ “ವಯಸ್ಸಾಯಿತು, ಅಷ್ಟೇ” ಅನ್ನುತ್ತಾರೆ.

ಉತ್ತರ: ಅಷ್ಟೇ ಅಲ್ಲ. ವಯಸ್ಸಾದಂತೆ ನುಂಗುವುದು ನಿಧಾನ ಆಗುತ್ತದೆ, ನಿಜ. ಆದರೆ ದಿನಾ ಕೆಮ್ಮು ಬರುವುದು, ತುತ್ತು ಬಾಯಲ್ಲೇ ಉಳಿಯುವುದು ಬರೀ ವಯಸ್ಸಿನ ಲಕ್ಷಣ ಅಲ್ಲ. ಹಿರಿಯರ ನುಂಗುವ ತೊಂದರೆಯನ್ನು ವೃದ್ಧಾಪ್ಯದ ಒಂದು ಪ್ರತ್ಯೇಕ ಸಿಂಡ್ರೋಮ್ (ಹಲವು ಕಾರಣ ಸೇರಿ ಬರುವ ಆರೋಗ್ಯ ಸಮಸ್ಯೆ) ಅಂತಲೇ ನೋಡಬೇಕು ಎಂದು ಯುರೋಪಿನ ತಜ್ಞ ಸಂಘಗಳು 2016ರಲ್ಲೇ ಹೇಳಿವೆ.

ಕಾರಣ ಹುಡುಕಿ. ಮಲಗಿದಲ್ಲೇ ಇದ್ದರೆ ಕಾಲಿನ ಮಾಂಸಖಂಡ ಕರಗುವ ಹಾಗೆ ನಾಲಗೆ, ಗಂಟಲಿನ ಮಾಂಸಖಂಡವೂ ಸೊರಗುತ್ತದೆ. ನೋವಿನ ಮಾತ್ರೆ, ನಿದ್ದೆ ಮಾತ್ರೆಯಿಂದ ಮಂಪರು ಇರುತ್ತದೆ. ಕೆಲವು ಮಾತ್ರೆಗಳಿಂದ ಬಾಯಿ ಒಣಗುತ್ತದೆ. ಆಪರೇಷನ್ ಆದ ಮೇಲೆ ಕೆಲವು ಹಿರಿಯರಿಗೆ ಗಲಿಬಿಲಿ ಆಗಿ, ಬಾಯಲ್ಲಿ ತುತ್ತು ಇದೆ ಅನ್ನುವುದೇ ಮರೆತುಹೋಗುತ್ತದೆ. ಇನ್ನೊಂದು, ಕೇಳುವುದಕ್ಕೆ ಸಣ್ಣ ವಿಷಯ: ಹಲ್ಲಿನ ಸೆಟ್ಟು ಎಲ್ಲಿದೆ? ಆಂಬುಲೆನ್ಸ್ ಗಡಿಬಿಡಿಯಲ್ಲಿ ಮನೆಯಲ್ಲೇ ಬಿಟ್ಟು ಬಂದಿರುತ್ತಾರೆ. ಕನ್ನಡಕ, ಕಿವಿ ಮಷೀನ್ ಕೂಡ. ತಟ್ಟೆಯಲ್ಲಿ ಏನಿದೆ ಅಂತ ಕಾಣದೆ, ಅಗಿಯಲು ಹಲ್ಲಿಲ್ಲದೆ ಕೂತವರನ್ನು ನಾವು “ಊಟ ಸೇರುತ್ತಿಲ್ಲ” ಅಂದುಬಿಡುತ್ತೇವೆ.

ಅಮ್ಮ ನೀರು ಹೇಗೆ ಕುಡಿಯುತ್ತಾರೆ ಅಂತಲೂ ನೋಡಿ. ನಮ್ಮ ಹಿರಿಯರಲ್ಲಿ ಬಹಳ ಜನ ಲೋಟಕ್ಕೆ ಬಾಯಿ ತಾಗಿಸದೆ ಎತ್ತಿ ಕುಡಿಯುತ್ತಾರೆ. ತಲೆ ಹಿಂದಕ್ಕೆ ಬಾಗುತ್ತದೆ, ನೀರು ಧಾರೆಯಾಗಿ ಬೀಳುತ್ತದೆ. ಗಂಟಲು ಮುಚ್ಚಿಕೊಳ್ಳುವುದು ಒಂದು ಕ್ಷಣ ತಡವಾದರೂ ನೀರು ದಾರಿ ತಪ್ಪುತ್ತದೆ. ಇದು ಹುಟ್ಟಿನಿಂದ ಬಂದ ಅಭ್ಯಾಸ, ಮಡಿಯ ವಿಷಯವೂ ಹೌದು. “ಎಂಜಲು ಮಾಡಿ ಕುಡಿ” ಅಂದರೆ ಅವರಿಗೆ ನೋವಾಗುತ್ತದೆ. “ಇದು ನಿನ್ನದೇ ಲೋಟ, ಬೇರೆ ಯಾರೂ ಮುಟ್ಟಲ್ಲ” ಅಂತ ಒಂದು ಲೋಟ ಬೇರೆ ಇಟ್ಟುಬಿಡಿ. ಚಮಚದಲ್ಲಿ ಕೊಡುವುದೂ ಆಗುತ್ತದೆ. ಮಂಚದಲ್ಲಿ ಅರ್ಧ ಒರಗಿ ಅಲ್ಲ, ಆದಷ್ಟು ನೆಟ್ಟಗೆ ಕೂರಿಸಿ. ಸೊಂಟದ ಆಪರೇಷನ್ ಆಗಿರುವುದರಿಂದ ಎಷ್ಟು ಕೂರಿಸಬಹುದು ಅಂತ ಮೊದಲು ಕೇಳಿಕೊಳ್ಳಿ. ಊಟ ಆದ ಮೇಲೆ ಅರ್ಧ ಗಂಟೆ ಹಾಗೇ ಇರಲಿ. ಕುಡಿದ ಮೇಲೆ “ಆ” ಅನ್ನಿಸಿ. ದನಿ ನೀರು ತುಂಬಿದ ಹಾಗೆ ಗೊಳಗೊಳ ಅಂದರೆ ಅವತ್ತಿಗೆ ನಿಲ್ಲಿಸಿ ಡಾಕ್ಟರಿಗೆ ಹೇಳಿ.

ಅದೇ ಸದಸ್ಯೆ: ಮಾತ್ರೆ ಪುಡಿ ಮಾಡಿ ಕೊಡುತ್ತಿದ್ದೇವೆ. ಪರವಾಗಿಲ್ವಾ?

ಉತ್ತರ: ಎಲ್ಲ ಮಾತ್ರೆಗೂ ನಡೆಯುವುದಿಲ್ಲ. ಹೆಸರಿನ ಮುಂದೆ ಎಸ್‌ಆರ್, ಎಕ್ಸ್‌ಆರ್, ಸಿಆರ್ ಅಂತ ಇದ್ದರೆ ಅದು ನಿಧಾನವಾಗಿ ಕರಗಬೇಕಾದ ಮಾತ್ರೆ. ಪುಡಿ ಮಾಡಿದರೆ ಇಡೀ ದಿನದ ಡೋಸ್ ಒಂದೇ ಸಲ ಒಳಗೆ ಹೋಗುತ್ತದೆ. ಪಟ್ಟಿಯನ್ನು ಫಾರ್ಮಸಿಸ್ಟ್‌ಗೆ ತೋರಿಸಿ. ಎಷ್ಟೋ ಔಷಧ ಸಿರಪ್ ರೂಪದಲ್ಲೂ ಸಿಗುತ್ತದೆ.

ಪ್ರಶ್ನೆ (ಬೆಂಗಳೂರಿನ ಸದಸ್ಯೆ): ಮಾವನಿಗೆ ಪಾರ್ಕಿನ್ಸನ್. ನ್ಯುಮೋನಿಯಾ ಆಗಿ ಅಡ್ಮಿಟ್ ಆಗಿದ್ದಾರೆ. ನೀರಿಗೆ ಥಿಕ್ನರ್ ಪುಡಿ ಹಾಕಿ ಗಟ್ಟಿ ಮಾಡಿ ಕೊಡಿ ಅಂದಿದ್ದಾರೆ. ಅವರು ಒಂದು ಚಮಚ ಕುಡಿದು “ಇದು ನೀರಾ?” ಅಂತ ಮುಖ ತಿರುಗಿಸುತ್ತಾರೆ. ದಿನಕ್ಕೆ ಒಂದು ಲೋಟವೂ ಒಳಗೆ ಹೋಗುತ್ತಿಲ್ಲ.

ಉತ್ತರ: ಮಾವನ ದೂರು ನ್ಯಾಯವಾದದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ತೆಳು ನೀರು ವೇಗವಾಗಿ ಹರಿಯುತ್ತದೆ. ಗಟ್ಟಿ ಮಾಡಿದರೆ ನಿಧಾನವಾಗಿ ಇಳಿಯುತ್ತದೆ, ಗಂಟಲಿಗೆ ಮುಚ್ಚಿಕೊಳ್ಳಲು ಸಮಯ ಸಿಗುತ್ತದೆ. ಎಕ್ಸ್‌ರೇಯಲ್ಲಿ ನೋಡಿದರೆ ಶ್ವಾಸನಾಳಕ್ಕೆ ಹೋಗುವುದು ಕಡಿಮೆ ಆಗುತ್ತದೆ, ಇದು ನಿಜ. ಆದರೆ ನ್ಯುಮೋನಿಯಾ ಕಡಿಮೆ ಆಗುತ್ತದಾ? 2008ರಲ್ಲಿ ಅಮೆರಿಕದಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ಮರೆವಿನ ಕಾಯಿಲೆ ಅಥವಾ ಪಾರ್ಕಿನ್ಸನ್ ಇದ್ದ 515 ಜನರನ್ನು ಮೂರು ತಿಂಗಳು ಗಮನಿಸಿದರು. ಕೆಲವರು ಗದ್ದ ಕೆಳಗೆ ಬಾಗಿಸಿ ತೆಳು ನೀರನ್ನೇ ಕುಡಿದರು, ಉಳಿದವರು ಗಟ್ಟಿ ಮಾಡಿದ್ದನ್ನು ಕುಡಿದರು. ನ್ಯುಮೋನಿಯಾದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಗಟ್ಟಿ ನೀರು ಕುಡಿದವರಲ್ಲಿ ಮೈಯ ನೀರಿನಂಶ ಕಡಿಮೆ ಆದವರು ಜಾಸ್ತಿ ಇದ್ದರು. ಹಾಗಂತ ಪುಡಿಯನ್ನು ಇವತ್ತೇ ಎಸೆಯಬೇಡಿ. ನ್ಯುಮೋನಿಯಾ ಇನ್ನೂ ವಾಸಿ ಆಗುತ್ತಿರುವವರಿಗೆ, ಕೆಮ್ಮಿ ಹೊರಹಾಕುವ ಶಕ್ತಿ ಇಲ್ಲದವರಿಗೆ ಅದು ಬೇಕಾಗಬಹುದು. ಥೆರಪಿಸ್ಟ್ ಹತ್ತಿರ ಕೂತು ಈ ಲೆಕ್ಕಾಚಾರ ಮಾಡಬೇಕು: ಎಷ್ಟು ಅಪಾಯ, ಎಷ್ಟು ಬಾಯಾರಿಕೆ, ಮಾವನ ಇಷ್ಟ ಏನು. ಮಾವನ ಇಷ್ಟ ಕೇಳುವುದು ಉಪಚಾರದ ಮಾತಲ್ಲ. ನುಂಗುವ ತೊಂದರೆ ಇರುವವರ ಜೀವನ ಹೇಗಿದೆ ಅಂತ ಅಳೆಯಲು ಸ್ವಾಲ್-ಕ್ವಾಲ್ ಅನ್ನುವ 44 ಪ್ರಶ್ನೆಗಳ ಪಟ್ಟಿಯೇ ಇದೆ. ಅದರಲ್ಲಿ ಊಟದ ಆಸೆ, ಭಯ, ನಾಲ್ಕು ಜನರ ಜೊತೆ ಕೂತು ಉಣ್ಣುವುದು, ನಿದ್ದೆ, ದಣಿವು ಎಲ್ಲ ಬರುತ್ತದೆ.

ಕೇಳಬೇಕಾದ ಇನ್ನೊಂದು ದಾರಿ ‘ಫ್ರೀ ವಾಟರ್’ ಪದ್ಧತಿ. ಅಮೆರಿಕದ ಲೂಯಿವಿಲ್ ನಗರದ ಫ್ರೇಜಿಯರ್ ಪುನಶ್ಚೇತನ ಕೇಂದ್ರದಲ್ಲಿ 1984ರಲ್ಲಿ ಶುರುವಾಯಿತು. ಊಟದ ಜೊತೆ ತೆಳು ನೀರು ಇಲ್ಲ. ಊಟ ಮುಗಿದು ಅರ್ಧ ಗಂಟೆ ಆದ ಮೇಲೆ, ಬಾಯಿ ಚೆನ್ನಾಗಿ ಸ್ವಚ್ಛ ಮಾಡಿ, ಬರೀ ನೀರು ಕೊಡುತ್ತಾರೆ. ಶುದ್ಧ ನೀರು ಸ್ವಲ್ಪ ಶ್ವಾಸಕೋಶಕ್ಕೆ ಹೋದರೂ ದೇಹ ಹೀರಿಕೊಳ್ಳುತ್ತದೆ, ಹಾಲು ಅಥವಾ ಅನ್ನದ ಅಗುಳು ಹಾಗಲ್ಲ ಅನ್ನುವುದು ಇದರ ತರ್ಕ. ಎಲ್ಲರಿಗೂ ಒಗ್ಗುವುದಿಲ್ಲ. ಮಾವನಿಗೆ ಶ್ವಾಸಕೋಶ ಮೊದಲು ಸುಧಾರಿಸಬೇಕು.

ಪುಡಿಯಲ್ಲೂ ಎರಡು ಜಾತಿ. ಪಿಷ್ಟದ ಪುಡಿ ಎಂಜಲು ತಾಗಿದರೆ ತೆಳ್ಳಗಾಗುತ್ತದೆ, ಬಾಯಿಗೆ ಹಿಟ್ಟು ಹಿಟ್ಟು ಅನ್ನಿಸುತ್ತದೆ. ಕ್ಸಾಂಥನ್ ಗಮ್ ಪುಡಿ ಅಷ್ಟು ಕೆಡುವುದಿಲ್ಲ, ರುಚಿಯೂ ಮೇಲು. ಗಟ್ಟಿ ನೀರು ಸೇರದವರಿಗೆ ಸಹಜವಾಗಿಯೇ ಮಂದ ಇರುವ ರಾಗಿ ಅಂಬಲಿ, ಗಟ್ಟಿ ಮಜ್ಜಿಗೆ ಇಷ್ಟ ಆಗಬಹುದು. ಮಂದ ಎಷ್ಟು ಅಂತ ಸಿರಿಂಜ್‌ನಲ್ಲಿ ಅಳೆಯಬಹುದು. ಸೂಜಿ ಇಲ್ಲದ 10 ಮಿಲಿ ಸಿರಿಂಜ್‌ನ ಒಳದಂಡ ತೆಗೆದು, ತುದಿಗೆ ಬೆರಳು ಒತ್ತಿ ತುಂಬಿಸಿ, ಆಮೇಲೆ ಬೆರಳು ತೆಗೆದು 10 ಸೆಕೆಂಡ್ ಹರಿಯಲು ಬಿಡಿ. 1ರಿಂದ 4 ಮಿಲಿ ಉಳಿದರೆ ಅದು 1ನೇ ಹಂತ, 4ರಿಂದ 8 ಉಳಿದರೆ 2, 8ಕ್ಕಿಂತ ಜಾಸ್ತಿ ಉಳಿದು ಸ್ವಲ್ಪವಾದರೂ ಹರಿದರೆ 3. ಇದು ಇಡ್‌ಸಿ ಅನ್ನುವ ಅಂತರರಾಷ್ಟ್ರೀಯ ಅಳತೆ. ಸೊನ್ನೆಯಿಂದ 10ರ ಗುರುತಿನವರೆಗೆ 61.5 ಮಿಲಿಮೀಟರ್ ಇರುವ ಸಿರಿಂಜ್ ಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಅಂಬಲಿ ಆರಿದಂತೆ ಗಟ್ಟಿಯಾಗುತ್ತದೆ, ಹಾಗಾಗಿ ಕುಡಿಸುವ ಬಿಸಿಯಲ್ಲೇ ಅಳೆಯಿರಿ.

ಪಾರ್ಕಿನ್ಸನ್ ಮಾತ್ರೆ ಮನೆಯಲ್ಲಿ ಕೊಡುತ್ತಿದ್ದ ಹೊತ್ತಿಗೇ ವಾರ್ಡಿನಲ್ಲೂ ಸಿಗುತ್ತಿದೆಯಾ ನೋಡಿ. ತಡವಾದರೆ ಕೈಕಾಲಿನ ಜೊತೆ ಗಂಟಲೂ ಬಿಗಿಯುತ್ತದೆ. ಮಾತ್ರೆ ಕೆಲಸ ಮಾಡುತ್ತಿರುವ ಹೊತ್ತಿನಲ್ಲೇ ಊಟ ಇರಲಿ.

ಪ್ರಶ್ನೆ (ಇಂಗ್ಲೆಂಡಿನಲ್ಲಿರುವ ಸದಸ್ಯರು): ಅಮ್ಮ ಇಲ್ಲಿನ ಆಸ್ಪತ್ರೆಯಲ್ಲಿದ್ದಾರೆ. ‘ಲೆವೆಲ್ 4’ ಊಟ ಅಂತೆ. ಸಪ್ಪೆ ಆಲೂಗಡ್ಡೆ ಪೇಸ್ಟ್ ನೋಡಿ ಅಳುತ್ತಾರೆ. ಮನೆ ಊಟ ತಂದುಕೊಡಬಹುದಾ?

ಉತ್ತರ: ಕೇಳಿ, ಬಹಳ ಕಡೆ ಒಪ್ಪುತ್ತಾರೆ. ಬ್ರಿಟನ್ನಿನ ಆಸ್ಪತ್ರೆಗಳು 2019ರಿಂದ ಇಡ್‌ಸಿ ಅಳತೆಯನ್ನೇ ಬಳಸುತ್ತಿವೆ. ಲೆವೆಲ್ 4 ಅಂದರೆ ಪ್ಯೂರಿ: ಅಗಿಯಬೇಕಿಲ್ಲ, ಗಂಟು ಇರಬಾರದು, ಅಂಟಬಾರದು, ನೀರು ಬೇರೆ ಒಡೆಯಬಾರದು. ಬಿಸಿಬೇಳೆಬಾತ್ ಕೂಡ ಆಗುತ್ತದೆ. ಒಗ್ಗರಣೆಯ ಸಾಸಿವೆ, ಕರಿಬೇವು, ಗೋಡಂಬಿ ಬಿಟ್ಟು, ಬಿಸಿಬೇಳೆಬಾತ್ ಪುಡಿ ಹಾಕಿ ಮೆತ್ತಗೆ ಬೇಯಿಸಿ, ಬಿಸಿನೀರು, ತುಪ್ಪ ಸೇರಿಸಿ ರುಬ್ಬಿ, ಜರಡಿ ಹಿಡಿಯಿರಿ. ಫೋರ್ಕ್ ಮೇಲೆ ಗುಡ್ಡೆಯಾಗಿ ನಿಲ್ಲಬೇಕು, ಸಂದಿನಿಂದ ಧಾರೆಯಾಗಿ ಸೋರಬಾರದು. ಚಮಚ ಓರೆ ಮಾಡಿದರೆ ಒಂದೇ ಮುದ್ದೆಯಾಗಿ ಜಾರಿ ಬೀಳಬೇಕು. ಅನ್ನ ರುಬ್ಬಿದರೆ ಅಂಟಾಗುತ್ತದೆ, ಹಾಗಾಗಿ ಬೇಳೆ ಜಾಸ್ತಿ, ಅಕ್ಕಿ ಕಡಿಮೆ. ರಾಗಿ ಮುದ್ದೆ, ತಿಳಿಸಾರು ಅನ್ನ ಎರಡೂ ಬೇಡ. ಮುದ್ದೆ ಅಂಟುತ್ತದೆ. ಸಾರನ್ನದಲ್ಲಿ ತೆಳು ಸಾರು ಮುಂದೆ ಓಡಿ ಅಗುಳು ಹಿಂದೆ ಉಳಿಯುತ್ತದೆ. ಮೊದಲ ಡಬ್ಬಿಯನ್ನು ಥೆರಪಿಸ್ಟ್‌ಗೆ ತೋರಿಸಿಯೇ ಕೊಡಿ.

ಪ್ರಶ್ನೆ (ದಾವಣಗೆರೆಯ ಸದಸ್ಯರು): ಅಜ್ಜಿಗೆ ಮರೆವಿನ ಕಾಯಿಲೆ ಬಹಳ ಮುಂದುವರಿದಿದೆ. ಹೊಟ್ಟೆಗೆ ಪೆಗ್ ಟ್ಯೂಬ್ (ಹೊಟ್ಟೆಯ ಚರ್ಮದ ಮೂಲಕ ನೇರ ಜಠರಕ್ಕೆ ಹಾಕುವ ಊಟದ ನಳಿಕೆ) ಹಾಕಿಸೋಣ ಅಂತ ಒಬ್ಬರು, ಬೇಡ ಅಂತ ಇನ್ನೊಬ್ಬರು. ಹಾಕಿಸದಿದ್ದರೆ ಉಪವಾಸ ಕೆಡವಿದ ಪಾಪ ಬರುತ್ತದಾ?

ಉತ್ತರ: ಇಲ್ಲ. ಮನಸ್ಸಿನಿಂದ ಅದನ್ನು ತೆಗೆದುಹಾಕಿ. ಸ್ಟ್ರೋಕ್ ಆದವರ ಟ್ಯೂಬ್ ಬೇರೆ, ಅಲ್ಲಿ ಚೇತರಿಕೆಯ ದಾರಿ ಇರುತ್ತದೆ. ಕೊನೆ ಹಂತದ ಮರೆವಿನ ಕಾಯಿಲೆಯಲ್ಲಿ ಟ್ಯೂಬ್‌ನಿಂದ ಆಯಸ್ಸು ಹೆಚ್ಚಾಗುತ್ತದೆ, ನ್ಯುಮೋನಿಯಾ ತಪ್ಪುತ್ತದೆ ಅನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ಎಂಜಲು ಹೇಗೂ ಇಳಿಯುತ್ತದೆ. ಟ್ಯೂಬ್ ಕಿತ್ತುಕೊಳ್ಳದಿರಲಿ ಅಂತ ಕೈ ಕಟ್ಟುವ ಪರಿಸ್ಥಿತಿಯೂ ಬರುತ್ತದೆ. ಅಮೆರಿಕದ ವೃದ್ಧರೋಗ ತಜ್ಞರ ಸಂಘ ಇಂಥವರಿಗೆ ಟ್ಯೂಬ್ ಬದಲು ಕೈತುತ್ತನ್ನೇ ಸಲಹೆ ಮಾಡುತ್ತದೆ. ಅಜ್ಜಿ ಪೂರ್ತಿ ಎಚ್ಚರ ಇರುವಾಗ ಎದುರು ಕೂತು, ಅರ್ಧ ಚಮಚ ಕೊಟ್ಟು, ಗಂಟಲಮಣಿ ಮೇಲೆದ್ದು ಇಳಿಯುವವರೆಗೆ ಕಾಯಿರಿ. ಬಾಯಿ ಮುಚ್ಚಿದರೆ ಸಾಕು ಅಂತ ಅರ್ಥ, ಒತ್ತಾಯ ಬೇಡ. ಎಷ್ಟು ಹೋಯಿತು ಅನ್ನುವ ಲೆಕ್ಕ ಬಿಡಿ. ಮನೆಯವರೆಲ್ಲ ಒಟ್ಟಿಗೆ ಪ್ಯಾಲಿಯೇಟಿವ್ (ನೋವು, ಸಂಕಟ ಕಡಿಮೆ ಮಾಡುವ ಆರೈಕೆಯ) ತಂಡದ ಜೊತೆ ಒಮ್ಮೆ ಕೂತು ಮಾತಾಡಿ.

ಪ್ರಶ್ನೆ (ಮಂಡ್ಯದ ಸದಸ್ಯೆ): ನಾಳೆ ಡಿಸ್ಚಾರ್ಜ್. ಮುಂದೆ ಯಾರಿಗೆ ತೋರಿಸಬೇಕು?

ಉತ್ತರ: ನಿಮಗೆ ಮೈಸೂರು ಹತ್ತಿರ. ಮಾನಸಗಂಗೋತ್ರಿಯಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ. ಬೆಂಗಳೂರಿನವರು ನಿಮ್ಹಾನ್ಸ್‌ನ ಸ್ಪೀಚ್ ಪೆಥಾಲಜಿ ವಿಭಾಗದಲ್ಲಿ ಕೇಳಬಹುದು. ಡಿಸ್ಚಾರ್ಜ್ ಚೀಟಿಯಲ್ಲಿ “ಮೆತ್ತನೆ ಆಹಾರ” ಅಂತ ಮಾತ್ರ ಬರೆದಿದ್ದರೆ ಒಪ್ಪಬೇಡಿ. ಊಟ ಯಾವ ಹಂತ, ನೀರು ಯಾವ ಹಂತ, ಯಾವ ಮಾತ್ರೆ ಪುಡಿ ಮಾಡಬಾರದು, ಮರುಪರೀಕ್ಷೆ ಯಾವ ದಿನ, ಈ ನಾಲ್ಕನ್ನೂ ಬರೆಸಿಕೊಂಡು ಹೊರಡಿ.