ಹೆಗಡೇರ ಕಾರಿನ ಅಕ್ಷಯಪಾತ್ರೆ

"ಪೂರಾ ಕಪ್ಪು ಮಾರಾಯ, ಪೂರಾ!"

ಹೆಗಡೇರು ಕಾರಿನ ಎಂಜಿನ್ ಆಯಿಲ್ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್ಕನ್ನು ಎಳೆದುಕೊಂಡು ಅಂಗಳ ದಾಟಿ ಜಗಲಿಗೇ ತಂದರು. ದಾರಿಯುದ್ದಕ್ಕೂ ಹನಿ ಬಿತ್ತು. ಮಾಸ್ತರರು ಪಂಚೆ ಎತ್ತಿಕೊಂಡು ಪಕ್ಕಕ್ಕೆ ಸರಿದರು. ಶಾಂತಾರಾಮ ಮಾತ್ರ ಎಲೆಯ ತೊಟ್ಟು ಮುರಿದು ಸುಣ್ಣ ಸವರುತ್ತಲೇ ಇದ್ದ.

"ಎಷ್ಟು ಓಡಿದೆ ಹೆಗಡೇರೆ?" ಎಂದು ಕೇಳಿದ.

"2,600. ಹನ್ನೊಂದು ತಿಂಗಳು. ಸಾವಿರ ಆದಾಗ ಒಂದು ಸಲ ಆಯಿಲ್ ಬದಲಿಸಿದ್ದು. ಈಗ ನೋಡಿದ್ರೆ ಮತ್ತೆ ಹೀಗೆ."

"ಸಾವಿರಕ್ಕೆ ಬದಲಿಸಿ ಅಂತ ಹೇಳಿದ್ದು ಯಾರು?"

ಹೆಗಡೇರ ಕಣ್ಣು ಸುಬ್ಬುವಿನ ಕಡೆ ಹೋಯಿತು. ಸುಬ್ಬುವಿನ ಕಣ್ಣು ಮೊಬೈಲಿನಲ್ಲಿತ್ತು. "ಎಲ್ಲಾ ರೀಲ್ಸಲ್ಲೂ ಅದನ್ನೇ ಹೇಳ್ತಾರೆ ಮಾವ. ಕಂಪನಿಯವ್ರು ಹತ್ತು ಸಾವಿರ ಅನ್ನೂದು ನಿಮ್ಮ ಎಂಜಿನ್ ಬೇಗ ಹೋಗ್ಲಿ ಅಂತ. ಗೊತ್ತಿದ್ದವ್ರು ಆಮೇಲೂ ಮೂರು ಸಾವಿರಕ್ಕೊಮ್ಮೆ ಬದಲಿಸ್ತಾರೆ."

"ಆ ಗೊತ್ತಿದ್ದವ್ರು ರೀಲ್ಸಿನ ಕೊನೆಯಲ್ಲಿ ಒಂದು ಆಯಿಲ್ ಡಬ್ಬಿ ತೋರಿಸ್ತಾರೋ ಇಲ್ವೋ?"

"ತೋರಿಸ್ತಾರೆ."

"ಮತ್ತೆ!" ಎಂದು ಶಾಂತಾರಾಮ ಕವಳ ಬಾಯಿಗಿಟ್ಟ. ಅವನು ಕವಳ ಹಾಕಿದರೆ ಐದು ನಿಮಿಷ ಮಾತು ನಿಲ್ಲುತ್ತದೆ ಎಂದು ಎಲ್ಲರಿಗೂ ಗೊತ್ತು. ಅಷ್ಟರಲ್ಲಿ ಮಾಸ್ತರರು ಸಂದು ಸಿಕ್ಕಿತೆಂದು ಕಾರಿನ ಪುಸ್ತಕ ತರಿಸಿದರು. ಇಡೀ ಊರಿನಲ್ಲಿ ಕಾರಿನ ಪುಸ್ತಕವನ್ನು ಮೊದಲ ಪುಟದಿಂದ ಓದಿದವರು ಅವರೊಬ್ಬರೇ. ಅವರಿಗೆ ಸ್ವಂತ ಕಾರಿಲ್ಲ.

"10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಸಾವಿರಕ್ಕೆ ಬರೀ ತಪಾಸಣೆ."

"ಪುಸ್ತಕದಲ್ಲಿದ್ದದ್ದು ಹೌದು," ಎಂದರು ಹೆಗಡೇರು, "ಆದ್ರೆ ಕಣ್ಣಿಗೆ ಕಾಣೂದು ಕಪ್ಪಲ್ವಾ?"

ಶಾಂತಾರಾಮ ಎದ್ದು ಅಂಗಳದ ಅಂಚಿಗೆ ಹೋಗಿ ಉಗಿದು ಬಂದ. ಹೀಗೆ ಕವಳವನ್ನು ಅರ್ಧಕ್ಕೇ ಬಿಡುವುದು ಅವನಿಗೆ ತೀರಾ ಸಿಟ್ಟು ಬಂದಾಗ ಮಾತ್ರ.

"ಕಪ್ಪಾಗಲಿ ಅಂತ್ಲೇ ಅದನ್ನ ಹಾಕೂದು ಹೆಗಡೇರೆ! ಡೀಸೆಲ್ ಉರಿದ್ರೆ ಮಸಿ ಬರ್ತದೆ. ಅದ್ರಲ್ಲಿ ಸ್ವಲ್ಪ ಪಿಸ್ಟನ್ ರಿಂಗ್ ದಾಟಿ ಕೆಳಗೆ ಇಳೀತದೆ. ಆ ಮಸಿ ಎಂಜಿನ್ ಗೋಡೆಗೆ ಅಂಟದ ಹಾಗೆ, ಉಂಡೆ ಕಟ್ಟದ ಹಾಗೆ ತನ್ನಲ್ಲೇ ತೇಲಿಸಿ ಇಟ್ಕೊಳ್ಳೂದು ಆಯಿಲಿನ ಕೆಲಸ. ಅದಕ್ಕೇ ಅಂತ ಮದ್ದು ಬೆರೆಸಿರ್ತಾರೆ. ಹೊಸ ಆಯಿಲ್ ಹಾಕಿ ನಾಲ್ಕೈದು ನೂರು ಕಿಲೋಮೀಟರ್ ಓಡಿಸಿ, ಕಪ್ಪೇ. ಡೀಸೆಲ್ ಗಾಡಿಯಲ್ಲಿ ಐದು ಸಾವಿರಕ್ಕೂ ಆಯಿಲ್ ಬಂಗಾರದ ಬಣ್ಣದಲ್ಲೇ ಇದ್ರೆ ಮಸಿಯೆಲ್ಲ ಎಲ್ಲಿ ಕೂತಿದೆ ಅಂತ ಹೆದರಬೇಕು. ನೀವು ದಿನಾ ಬೆಳಗ್ಗೆ ಎಳೆದು ನೋಡಿ ನಿಟ್ಟುಸಿರು ಬಿಡೂದು ಅದು ಕೆಲಸ ಮಾಡ್ತಿದೆ ಅಂತ."

"ದಿನಾ ಅಲ್ಲ," ಎಂದರು ಹೆಗಡೇರು. "ಸೋಮವಾರ ನೋಡೂದಿಲ್ಲ."

"ನಮ್ಮ ಅಪ್ಪಯ್ಯನ ಜೀಪಿಗೆ ಮೂರು ಸಾವಿರಕ್ಕೇ ಬದಲಿಸ್ತಿದ್ರು. ಅವ್ರೇನು ರೀಲ್ಸ್ ನೋಡಿದ್ರಾ?" ಎಂದು ಸುಬ್ಬು ಕೇಳಿದ. ಒಳ್ಳೆಯ ಪ್ರಶ್ನೆ. ಸುಬ್ಬುವಿಗೆ ಒಮ್ಮೊಮ್ಮೆ ಹೀಗಾಗುತ್ತದೆ.

"ಬದಲಿಸಬೇಕಿತ್ತು, ಬದಲಿಸ್ತಿದ್ರು. ಆಗಿನ ಡೀಸೆಲ್ಲಲ್ಲಿ ಗಂಧಕ ಎಷ್ಟಿತ್ತು ಗೊತ್ತುಂಟಾ ಮಾಣಿ? ಅದು ಉರಿದು, ನೀರಿನ ಹಬೆ ಸೇರಿ, ಆಮ್ಲ ಆಗ್ತಿತ್ತು. ಅದನ್ನ ತಡೀಲಿಕ್ಕೆ ಆಯಿಲಲ್ಲಿ ಕ್ಷಾರದ ಅಂಶ ಹಾಕಿರ್ತಾರೆ. ಅದು ಖರ್ಚಾಯ್ತೋ, ಬೇರಿಂಗ್ ತಿನ್ನಲಿಕ್ಕೆ ಶುರು. ಆಮೇಲೆ ಸರ್ಕಾರದ ಹೊಗೆ ನಿಯಮ ಬಿಎಸ್ 3ರಲ್ಲಿ ಗಂಧಕ ಹತ್ತು ಲಕ್ಷಕ್ಕೆ 350 ಪಾಲಿಗೆ ಇಳೀತು, ಬಿಎಸ್ 4ರಲ್ಲಿ 50ಕ್ಕೆ. 2020ರ ಏಪ್ರಿಲ್‌ನಿಂದ ದೇಶಕ್ಕೆಲ್ಲ ಬಿಎಸ್ 6, ಈಗ ಬರೀ 10. ಅಪ್ಪಯ್ಯನ ಲೆಕ್ಕ ಅಪ್ಪಯ್ಯನ ಡೀಸೆಲ್ಲಿಗೆ ಸರಿ. ಹೊಸ ಎಂಜಿನ್ನಿಂದ ಲೋಹದ ಪುಡಿ ಬರ್ತದೆ, ಸಾವಿರಕ್ಕೆ ತೆಗೀಬೇಕು ಅನ್ನೂದೂ ಆ ಕಾಲದ್ದೇ. ಆಗ ಸಿಲಿಂಡರ್ ಕೊರೆಯೂದು ಅಷ್ಟು ಒರಟು. ಈಗ ಬರೂ ಪುಡಿ ಕಡಿಮೆ, ಬಂದದ್ದನ್ನ ಫಿಲ್ಟರ್ ಹಿಡೀತದೆ. ಮನಸ್ಸು ತಡೀದಿದ್ರೆ ಐದು ಸಾವಿರಕ್ಕೆ ಒಮ್ಮೆ ಬದಲಿಸ್ಕೊಳ್ಳಿ, ದುಡ್ಡು ನಿಮ್ಮದು. ಆದ್ರೆ ಎಂತಾ ಹಾಕಿದ್ರಿ ಅನ್ನೂದು ಮುಖ್ಯ. ಎಂತಾ ಹಾಕಿಸಿದ್ರಿ?"

ಹೆಗಡೇರು ಖುಷಿಯಾದರು. "ಗಟ್ಟಿ ಆಯಿಲ್. ಅಲ್ಲೇ ಪೇಟೆಯಲ್ಲಿ ಒಬ್ಬ ದೊಡ್ಡ ಡ್ರಮ್ಮಿಂದ ಬಿಟ್ಟು ಕೊಟ್ಟ. ದಪ್ಪದ ನಂಬರ್ ಹದಿನೈದು ಡಬ್ಲ್ಯು ನಲವತ್ತು. ಲಾರಿಗೂ ಅದೇ ಅಂತೆ, ಘಟ್ಟ ಹತ್ತೂಕೆ ಒಳ್ಳೇದಂತೆ."

ಶಾಂತಾರಾಮ ಮೇಲೆ ಮಾಡು ನೋಡಿದ. ಮಾಡಿನಲ್ಲಿ ಏನೂ ಇರಲಿಲ್ಲ.

"ಡ್ರಮ್ಮಲ್ಲಿ ಆಯಿಲಿನ ದರ್ಜೆ ಸಿಐ-4 ಅಂತ ಬರೆದಿತ್ತಾ?"

"ಸಿ ಅಂತ ಎಂತದೋ ಇತ್ತು."

"ಆ ಆಯಿಲ್ ಕೆಟ್ಟದಲ್ಲ, ಹಳೇ ಲಾರಿಗೆ ಬೆಸ್ಟ್. ನಿಮ್ಮ ಗಾಡಿಯ ಹೊಗೆ ಪೈಪಲ್ಲಿ ಡಿಪಿಎಫ್ ಅಂತ ಜಾಲರಿ ಉಂಟು, ಮಸಿ ಹಿಡಿಯೂದು. ಹಿಡಿದ ಮಸಿಯನ್ನ ಅದೇ ಸುಟ್ಟು ಖಾಲಿ ಮಾಡ್ತದೆ. ಎಂಜಿನ್ ಒಳಗೆ ಉರಿದುಹೋಗೂ ಆಯಿಲಿನ ಬೂದಿ ಬಂದು ಕೂತರೆ ಅದು ಸುಡೂದಿಲ್ಲ. ಬೂದಿಯನ್ನ ಮತ್ತೆ ಎಂತಾ ಸುಡ್ತೀರಿ? ಕೂತದ್ದು ಕೂತದ್ದೇ. ಅದಕ್ಕೇ ಈ ಗಾಡಿಗಳಿಗೆ ಬೂದಿ ಕಡಿಮೆ ಇರೂ ಆಯಿಲ್ ಬೇಕು. ಡಬ್ಬಿ ಬೆನ್ನಿಗೆ ಎಸಿಇಎ ಸಿ2, ಸಿ3 ಅಂತೆಲ್ಲ ದರ್ಜೆ ಇರ್ತದೆ. ನಿಮ್ಮದಕ್ಕೆ ಯಾವುದು ಮಾಸ್ತರ್ರೆ?"

"ಸಿ3, ಐದು ಡಬ್ಲ್ಯು ಮೂವತ್ತು," ಎಂದು ಮಾಸ್ತರರು ತಕ್ಷಣ ಓದಿದರು. ಆ ಪುಟಕ್ಕೆ ಮೊದಲೇ ಬೆರಳಿಟ್ಟುಕೊಂಡು ಕಾಯುತ್ತಿದ್ದರು.

"ಕೇಳಿ. ಬದಲಿಸದೇ ಬಿಟ್ಟಿದ್ರೆ ಸರಿಯಾದದ್ದೇ ಇರ್ತಿತ್ತು. ನೀವು ದುಡ್ಡು ಕೊಟ್ಟು ತೆಗೆಸಿ ಬೇರೇದು ಹಾಕಿಸಿದ್ರಿ. ನಾಳೆ ವಾರಂಟಿ ಕೇಳಿದ್ರೆ ಬಿಲ್ ತೋರಿಸಿ ಅಂತಾರೆ. ಡ್ರಮ್ಮಿಗೆ ಬಿಲ್ ಉಂಟಾ?"

ಇಲ್ಲವಂತೆ. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಹೆಗಡೇರು ಸೋತವರಲ್ಲ; ಕೊನೆಯ ಬಾಣ ತೆಗೆದರು.

"ಆದ್ರೂ ಒಂದು ಹೇಳ್ತೆ ಶಾಂತಾರಾಮ. ನನ್ನ ಎಂಜಿನ್ ಆಯಿಲ್ ಕುಡಿಯೂದಿಲ್ಲ. ಒಂದು ಹನಿ ಕಡಿಮೆಯಾಗಿದ್ದಿಲ್ಲ. ಮೇಲಿನ ಗೆರೆಯಲ್ಲಿ ನಿಲ್ಲಿಸಿದ್ದು, ಈಗ ಗೆರೆಗಿಂತ ಮೇಲೇ ಇದೆ! ಹೆಚ್ಚಾಗಿದೆ!"

"ಅಕ್ಷಯಪಾತ್ರೆ!" ಎಂದ ಸುಬ್ಬು ಮೊಬೈಲಿಂದ ತಲೆಯೆತ್ತಿ.

"ಹೌದೋ! ಧರ್ಮರಾಯನಿಗೆ ಸೂರ್ಯ ಕೊಟ್ಟ, ನನಗೆ ಶೋರೂಮಿನವ್ರು ಕೊಟ್ರು."

ಶಾಂತಾರಾಮ ನಗಲಿಲ್ಲ. ಡಿಪ್‌ಸ್ಟಿಕ್ ತೆಗೆದುಕೊಂಡು ಕಾರಿನ ಹತ್ತಿರ ಹೋದ. ಅಂಗಳ ಸಮತಟ್ಟಾಗಿದೆಯೋ ಎಂದು ನೋಡಿದ. ಎಂಜಿನ್ ನಿಲ್ಲಿಸಿ ಹತ್ತು ನಿಮಿಷವಾಗಿದೆಯೋ ಎಂದು ಕೇಳಿದ. ಕಡ್ಡಿ ಒರೆಸಿ, ಪೂರ್ತಿ ಒಳಗೆ ತಳ್ಳಿ, ಮತ್ತೆ ಎಳೆದ. ಮೊದಲ ಸಲ ಎಳೆದಾಗ ಕೊಳವೆಗೆ ಅಂಟಿದ ಆಯಿಲೂ ಬರುವುದರಿಂದ ಅದರ ಲೆಕ್ಕ ಸುಳ್ಳು, ಎರಡನೆಯದೇ ನಿಜ. ಎರಡನೆಯ ಸಲವೂ ಆಯಿಲು ಮೇಲಿನ ಗೆರೆಗಿಂತ ಒಂದು ಬೆರಳು ಮೇಲಿತ್ತು. ಮೂಗಿನ ಹತ್ತಿರ ಹಿಡಿದ. ನಂತರ ಹೆಗಡೇರ ಮೂಗಿಗೆ ಹಿಡಿದ.

"ಎಂತಾ ವಾಸನೆ?"

"ಡೀಸೆಲ್."

"ಅದೇ ನಿಮ್ಮ ಅಕ್ಷಯ. ಪಾತ್ರೆ ತುಂಬಿದ್ದು ಸೂರ್ಯನಿಂದ ಅಲ್ಲ, ಪೆಟ್ರೋಲ್ ಬಂಕಿಂದ. ಪ್ರತಿ ಲೀಟರಿಗೂ ನೀವೇ ದುಡ್ಡು ಕೊಟ್ಟಿದ್ದೀರಿ."

ಮಾಸ್ತರರು ಕನ್ನಡಕ ಸರಿಮಾಡಿಕೊಂಡರು. ಇದು ಅವರ ಪುಸ್ತಕದಲ್ಲೂ ಇರಬೇಕು, ಇನ್ನೂ ಆ ಪುಟಕ್ಕೆ ಬಂದಿರಲಿಲ್ಲ.

"ನೋಡಿ, ಆ ಜಾಲರಿಯಲ್ಲಿ ಮಸಿ ತುಂಬಿದಾಗ ಸುಡಬೇಕಲ್ಲ? ಅದಕ್ಕೆ ಸುಮಾರು 600 ಡಿಗ್ರಿ ಬಿಸಿ ಬೇಕು. ಆ ಬಿಸಿ ತರಿಸ್ಲಿಕ್ಕೆ ಕಂಪ್ಯೂಟರ್ ಸಿಲಿಂಡರಿಗೆ ತಡವಾಗಿ ಇನ್ನೊಂದಿಷ್ಟು ಡೀಸೆಲ್ ಬಿಡ್ತದೆ. ಅದ್ರಲ್ಲಿ ಸ್ವಲ್ಪ ಉರಿಯದೇ ಗೋಡೆ ಹಿಡಿದು ಕೆಳಗೆ ಆಯಿಲಿಗೆ ಇಳೀತದೆ. ಗಾಡಿ ಚೆನ್ನಾಗಿ ಓಡ್ತಾ ಇದ್ರೆ ಹದಿನೈದು ಇಪ್ಪತ್ತು ನಿಮಿಷಕ್ಕೆ ಮಸಿ ಸುಟ್ಟು ಮುಗೀತದೆ, ಆಯಿಲ್ ಬಿಸಿಯಾಗಿ ಇಳಿದ ಡೀಸೆಲಲ್ಲಿ ಸ್ವಲ್ಪ ಹಬೆಯಾಗಿ ಹೋಗ್ತದೆ. ನೀವು ಮಧ್ಯದಲ್ಲಿ ಕೀ ತಿರುಗಿಸಿ ಇಳಿದ್ರೆ? ಅರ್ಧ ಸುಟ್ಟದ್ದು ಹಾಗೇ. ಮರುದಿನ ಮೊದಲಿಂದ ಶುರು, ಮತ್ತೆ ಡೀಸೆಲ್. ಗಾಡಿ ನಿಲ್ಲಿಸಿದ ಮೇಲೂ ಫ್ಯಾನ್ ಭರ್ರೋ ಅಂತ ತಿರುಗ್ತದಾ? ಸುಟ್ಟ ವಾಸನೆ ಬರ್ತದಾ?"

"ಬರ್ತದೆ. ಹೊಸ ಗಾಡಿಯ ಪೇಂಟ್ ವಾಸನೆ ಅಂದ್ಕೊಂಡಿದ್ದೆ."

"ಹನ್ನೊಂದು ತಿಂಗಳಿಂದ ಪೇಂಟ್?"

ಡೀಸೆಲ್ ಬೆರೆತ ಆಯಿಲ್ ತೆಳುವಾಗುತ್ತದೆ. ತೆಳುವಾದರೆ ಬೇರಿಂಗ್, ಟರ್ಬೋ, ಟೈಮಿಂಗ್ ಚೈನು ಎಲ್ಲಕ್ಕೂ ಪೆಟ್ಟು. ಮಟ್ಟ ಏರುತ್ತಲೇ ಹೋದರೆ ಕ್ರ್ಯಾಂಕ್ ಅದನ್ನು ಬಡಿದು ನೊರೆ ಎಬ್ಬಿಸುತ್ತದೆ. ಇನ್ನೂ ಏರಿ ಗಾಳಿಯ ದಾರಿಗೆ ಹತ್ತಿದರೆ ಎಂಜಿನ್ ತನ್ನ ಆಯಿಲನ್ನೇ ಉರಿಸಿಕೊಂಡು ಓಡುತ್ತದೆ, ಕೀ ತೆಗೆದರೂ ನಿಲ್ಲುವುದಿಲ್ಲ. ಈ ಕೊನೆಯದನ್ನು ಶಾಂತಾರಾಮ ಹೇಳಿದಾಗ ಸುಬ್ಬು ರೆಕಾರ್ಡ್ ಮಾಡುತ್ತಿದ್ದದ್ದು ಕಂಡುಬಂತು. ನಾಳೆ ಅದೂ ಒಂದು ರೀಲ್ಸ್.

"ಹಾಗಾದ್ರೆ ಬದಲಿಸೂದೇ?" ಎಂದರು ಹೆಗಡೇರು. ದನಿಯಲ್ಲಿ ಗೆದ್ದ ಗತ್ತು ಇತ್ತು. "ನಾ ಹೇಳಿದ್ದೇ ಬಂತು!"

"ಬದಲಿಸೂದೇ, ನಾಳೆಯೇ. ಕಪ್ಪಾಯ್ತು ಅಂತಲ್ಲ, ಹೆಚ್ಚಾಯ್ತು ಅಂತ."

"ಕೊನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಇದೆ," ಎಂದು ಮಾಸ್ತರರು ಕೂಗಿದರು. "ಸಣ್ಣ ಸಣ್ಣ ಓಡಾಟ, ಧೂಳು, ಬೆಟ್ಟದ ದಾರಿ, ನಿಂತಲ್ಲೇ ಎಂಜಿನ್ ಓಡಿಸೂದು. ಇದಕ್ಕೆಲ್ಲ ಅವಧಿ ಅರ್ಧ!"

"ಅದು ನೋಡಿ ಲೆಕ್ಕ. ಜೆಸಿಬಿಯವ ಕಿಲೋಮೀಟರ್ ನೋಡೂದೇ ಇಲ್ಲ. ಅವನಿಗೆ ಗಂಟೆ, 250 ಗಂಟೆಗೊಮ್ಮೆ ಆಯಿಲ್ ಅಂತ ಹಿಡೀರಿ. ಗಂಟೆಗೆ ನಲವತ್ತರ ಸರಾಸರಿ ಹಿಡಿದ್ರೆ 250 ಗಂಟೆ ಅಂದ್ರೆ ಹತ್ತು ಸಾವಿರ ಕಿಲೋಮೀಟರ್. ಪೇಟೆಯಲ್ಲಿ ಇಪ್ಪತ್ತರ ಸರಾಸರಿಯಲ್ಲಿ ತಿರುಗಿದ್ರೆ ಅಷ್ಟೇ ಗಂಟೆಗೆ ಐದು ಸಾವಿರ. ಅಲ್ಲಾ, ನೀವು ದಿನಾ ಹೋಗೂದಾದ್ರೂ ಎಲ್ಲಿಗೆ?"

"ಡೈರಿಗೆ. ಆಮೇಲೆ ಮಾರಿಗುಡಿ. ಒಂದೊಂದು ದಿನ ಸೊಸೈಟಿ."

"ಎಷ್ಟು ದೂರ?"

"ಮೂರು ಕಿಲೋಮೀಟರ್."

"ಏಳು ಸೀಟಿನ ಡೀಸೆಲ್ ಗಾಡಿಯಲ್ಲಿ ಒಂದು ಲೀಟರ್ ಹಾಲು!"

ಹೆಗಡೇರು ತಟ್ಟೆಯಲ್ಲಿದ್ದ ಅಡಿಕೆ ಹೋಳುಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಿದರು. "ಮಗ ಸೊಸೆ ಮಕ್ಕಳೆಲ್ಲ ಬಂದ್ರೆ ಒಂದೇ ಗಾಡಿಯಲ್ಲಿ ತಿರುಗಲಿ ಅಂತ ದೊಡ್ಡದು ತಗಂಡಿದ್ದು. ದೀಪಾವಳಿಗೆ ಬಂದಿದ್ರು. ಎರಡು ದಿನ. ಅವರದ್ದೇ ಎಲೆಕ್ಟ್ರಿಕ್ ಕಾರಲ್ಲಿ."

ಮಾಸ್ತರರು ಪುಸ್ತಕ ಮುಚ್ಚಿದರು. ಅಷ್ಟು ಹೊತ್ತೂ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ ಹೆಗಡೇರ ಮನೆಯವರು ಕಷಾಯದ ಲೋಟ ಇಡುತ್ತ, "ಕಾರು ತಗಂಡು ವರ್ಷಾಗ್ತಾ ಬಂತು, ಒಂದಿನ ಗೋಕರ್ಣಕ್ಕೆ ಹೋಪಲೆ ಆಜಿಲ್ಲೆ," ಎಂದರು. ಯಾರಿಗೂ ಹೇಳಿದಂತಿರಲಿಲ್ಲ.

"ಔಷಧ ಅದೇ ಅಕ್ಕಯ್ಯ," ಎಂದ ಶಾಂತಾರಾಮ. "ಹೊಸ ಆಯಿಲ್ ಹಾಕಿದ ಮೇಲೆ ಹತ್ತು ದಿನಕ್ಕೊಮ್ಮೆಯಾದ್ರೂ ಗಾಡಿಯನ್ನ ಅರ್ಧ ಗಂಟೆ ಬಿಡದೇ ಓಡಿಸಬೇಕು. ದೇವಿಮನೆ ಘಟ್ಟ ಇಳಿಯೂವಾಗ ಕಾಲು ಎತ್ತಿರ್ತೀರಿ, ಹೊಗೆ ತಣ್ಣಗೇ ಇರ್ತದೆ, ಅದು ಲೆಕ್ಕಕ್ಕಿಲ್ಲ. ಕೆಳಗೆ ಕುಮಟೆಯಿಂದ ಅಂಕೋಲೆ ಕಡೆ ಹೈವೇ ಉಂಟಲ್ಲ, ಅಲ್ಲಿ ಒಂದೇ ಸಮ ಅರವತ್ತು ಎಪ್ಪತ್ತರಲ್ಲಿ ಹೋಗಿ, ಎಂಜಿನ್ ನಿಮಿಷಕ್ಕೆ ಎರಡು ಸಾವಿರ ಸುತ್ತು ತಿರುಗ್ತಾ ಇರಲಿ. ಜಾಲರಿ ಸುಟ್ಟು ಚೊಕ್ಕ ಆಗ್ತದೆ. ವಾಪಸ್ ಘಟ್ಟ ಹತ್ತಿ ಬಂದ ಕೂಡ್ಲೆ ಕೀ ತೆಗೀಬೇಡಿ, ಟರ್ಬೋ ಕಾದಿರ್ತದೆ. ಒಂದು ನಿಮಿಷ ಹಾಗೇ ಬಿಡಿ, ಇಲ್ಲದಿದ್ರೆ ಅಲ್ಲಿದ್ದ ಆಯಿಲ್ ಕರಕಲಾಗ್ತದೆ."

ಮರುದಿನದ ಕೆಲಸವೂ ಅಲ್ಲೇ ತೀರ್ಮಾನವಾಯಿತು. ಕಂಪನಿ ಸರ್ವಿಸಿನಲ್ಲೇ ಬದಲಿಸುವುದು, ಬಿಲ್ ಇಟ್ಟುಕೊಳ್ಳುವುದು. ಎಂಜಿನ್ ಉಗುರು ಬೆಚ್ಚಗಿರುವಾಗ ಆಯಿಲ್ ಇಳಿಸಬೇಕು. ಫಿಲ್ಟರು ಹೊಸದೇ ಬೇಕು, ಡ್ರೈನ್ ಬೋಲ್ಟಿನ ವಾಷರೂ ಹೊಸದು. ಹಳೇ ಫಿಲ್ಟರಿನ ರಬ್ಬರ್ ರಿಂಗು ಅಲ್ಲೇ ಅಂಟಿ ಉಳಿದಿದೆಯೋ ಎಂದು ಬೆರಳು ಆಡಿಸಿ ನೋಡದಿದ್ದರೆ ಎರಡು ರಿಂಗಿನ ಮಧ್ಯೆ ಆಯಿಲೆಲ್ಲ ಸೋರುತ್ತದೆ. ಪುಸ್ತಕದ ಅಳತೆ ಐದು ಲೀಟರಾದರೆ ಮೊದಲು ನಾಲ್ಕೂವರೆ ಹಾಕಿ, ಒಂದು ನಿಮಿಷ ಓಡಿಸಿ, ನಿಲ್ಲಿಸಿ, ಕಾದು, ಕಡ್ಡಿ ನೋಡಿ ಉಳಿದದ್ದು. "ಎಂಜಿನ್ ಫ್ಲಶ್ ಅಂತ ಒಂದು ಬಾಟಲಿ ತೋರಿಸ್ತಾರೆ," ಎಂದ ಶಾಂತಾರಾಮ, "ಅದಕ್ಕೆ ಬೇಡ ಅಂದ್ರೆ ಸಾಕು. ಕಂಪ್ಯೂಟರಲ್ಲಿ ಆಯಿಲ್ ಲೆಕ್ಕ ಸೊನ್ನೆ ಮಾಡಿದ್ರಾ ಅಂತ ಮಾತ್ರ ಕೇಳಿ."

"ಹಳೇ ಆಯಿಲ್ ನನಗೇ ಕೊಡ್ಲಿ," ಎಂದರು ಹೆಗಡೇರು. "ಬೇಲಿ ಗೂಟಕ್ಕೆ ಹಚ್ಚಿದ್ರೆ ಒರಲೆ ಹತ್ತೂದಿಲ್ಲ."

"ನಿಮ್ಮ ಬೇಲಿಯಿಂದ ಬಾವಿ ಹತ್ತು ಮಾರು ಇಲ್ಲ. ಮಳೆಗೆ ಅದೇ ಇಳಿದು ಬರೂದು. ಅವರಲ್ಲೇ ಬಿಟ್ಟು ಬನ್ನಿ."

ಗೋಕರ್ಣಕ್ಕೆ ಹೋಗುವುದು ಭಾನುವಾರವೋ ಶನಿವಾರವೋ ಎಂಬ ಚರ್ಚೆ ಎದ್ದಿತು. ಏಳು ಸೀಟು ತುಂಬಿಸಬೇಕೆಂದು ಹೆಗಡೇರ ಹಟ, ಇರುವವರು ಐದೇ ಜನ. ಮುಂದಿನ ಸೀಟು ಪುಸ್ತಕ ಹಿಡಿದವರಿಗೇ ಎಂದು ಮಾಸ್ತರರು.

ಸುಬ್ಬು ಯೋಚಿಸುತ್ತಿದ್ದವನು ಕೇಳಿದ. "ಶಾಂತಾರಾಮಣ್ಣ, ಎಲೆಕ್ಟ್ರಿಕ್ ಕಾರಿಗೆ ಎಂಜಿನ್ ಆಯಿಲ್ ಎಷ್ಟು ಸಾವಿರಕ್ಕೆ ಬದಲಿಸೂದು?"

"ಎಂಜಿನ್ನೇ ಇಲ್ವೋ ಮಾಣಿ. ಆಯಿಲೂ ಇಲ್ಲ, ಕಡ್ಡಿಯೂ ಇಲ್ಲ."

ಹೆಗಡೇರು ಬಹಳ ಹೊತ್ತು ಅದನ್ನೇ ಯೋಚಿಸಿದರು.

"ಹಾಗಾದ್ರೆ ಬೆಳಗ್ಗೆ ಎದ್ದು ಬಾನೆಟ್ ಎತ್ತಿ ಎಂತಾ ನೋಡೂದು, ಪಾಪ?"